ಮೆಚ್ಚಿನ ಮ್ಯೂಸಿಕಲ್ ಎತ್ತಂಗಡಿ ಆಗುವಾಗ: ಬ್ರಾಡ್‌ವೇ ಅಭಿಮಾನಿಗಳಿಗೆ ಒಂದು ಕೈಪಿಡಿ

ಚೆನ್ನಾಗಿ ಓಡುತ್ತಿರುವ ಸಿನಿಮಾವನ್ನು ಸ್ಟಾರ್ ನಟನ ಹೊಸ ಚಿತ್ರಕ್ಕಾಗಿ ಥಿಯೇಟರ್‌ನಿಂದ ಎತ್ತಿದಾಗ ಆಗುವ ಸಂಕಟ ನಮ್ಮವರಿಗೆ ಗೊತ್ತೇ ಇದೆ. ನ್ಯೂಯಾರ್ಕ್‌ನ ದೊಡ್ಡ ನಾಟಕ ಥಿಯೇಟರ್‌ಗಳ ವಲಯವಾದ ಬ್ರಾಡ್‌ವೇಯಲ್ಲಿ ಇದೇ ಸಂಕಟ ಇನ್ನೂ ತೀವ್ರ. ಸಿನಿಮಾ ಪಕ್ಕದ ಥಿಯೇಟರ್‌ಗಾದರೂ ಹೋಗುತ್ತದೆ. ಮ್ಯೂಸಿಕಲ್, ಅಂದರೆ ಹಾಡು ಕುಣಿತದ ನಾಟಕ, ಎತ್ತಿದರೆ ಆ ಸೆಟ್, ಆ ತಂಡ, ಆ ವಾದ್ಯಗೋಷ್ಠಿ ಅಲ್ಲಿಗೇ ಚದುರಿಹೋಗಬಹುದು. ಹಾಗಾಗಿ ಸುದ್ದಿ ಬಂದ ದಿನವೇ ಅಭಿಮಾನಿಗಳು ಆನ್‌ಲೈನ್ ಮನವಿಗೆ ಸಹಿ ಹಾಕಲು ಮುಗಿಬೀಳುತ್ತಾರೆ. ಸಹಿ ಹಾಕಿ, ಬೇಡ ಅನ್ನುವುದಿಲ್ಲ. ಆದರೆ ಅದಕ್ಕಿಂತ ಮೊದಲು ಮಾಡಬೇಕಾದ ಕೆಲಸಗಳು ಬೇರೆ ಇವೆ.

ಮೊದಲು: ಇದು ಯಾವ ಬಗೆಯ ಮುಕ್ತಾಯ?

ಬ್ರಾಡ್‌ವೇಯಲ್ಲಿ ನಾಟಕ ನಿರ್ಮಿಸುವವರು ಒಬ್ಬರು, ಕಟ್ಟಡದ ಮಾಲೀಕರು ಇನ್ನೊಬ್ಬರು. ಇರುವುದು 41 ಥಿಯೇಟರ್‌ಗಳು. ಅವುಗಳಲ್ಲಿ 17 ಶುಬರ್ಟ್ ಸಂಸ್ಥೆಯವು, 9 ನೆದರ್‌ಲ್ಯಾಂಡರ್ ಸಂಸ್ಥೆಯವು. ನಿರ್ಮಾಪಕರು ಇಲ್ಲಿ ಬಾಡಿಗೆದಾರರು. ವಾರದ ಗಳಿಕೆಯಲ್ಲಿ ಮಾಲೀಕರಿಗೂ ಪಾಲು ಹೋಗುವುದರಿಂದ, ಹೆಚ್ಚು ದುಡಿಯುವ ನಾಟಕ ಬಂದಷ್ಟೂ ಮಾಲೀಕರಿಗೆ ಲಾಭ. ಒಪ್ಪಂದದಲ್ಲಿ 'ಸ್ಟಾಪ್ ಕ್ಲಾಝ್' ಎಂಬ ಷರತ್ತು ಇರುತ್ತದೆ. ಸಾಮಾನ್ಯವಾಗಿ ಸತತ ಎರಡು ವಾರ ಗಳಿಕೆ ನಿಗದಿತ ಮೊತ್ತಕ್ಕಿಂತ ಕೆಳಗಿಳಿದರೆ, ಜಾಗ ಖಾಲಿ ಮಾಡಿ ಎನ್ನುವ ಹಕ್ಕು ಮಾಲೀಕರಿಗೆ ಸಿಗುತ್ತದೆ.

'ಬೀಟಲ್‌ಜ್ಯೂಸ್' ಎಂಬ ಮ್ಯೂಸಿಕಲ್‌ಗೆ ಆದದ್ದು ಇದೇ. 2019ರ ಏಪ್ರಿಲ್ 25ರಂದು ಶುಬರ್ಟ್ ಒಡೆತನದ ವಿಂಟರ್ ಗಾರ್ಡನ್‌ನಲ್ಲಿ ಶುರುವಾದಾಗ ವಿಮರ್ಶೆಗಳು ಅಷ್ಟಕ್ಕಷ್ಟೇ, ಮೊದಲ ತಿಂಗಳುಗಳ ಗಳಿಕೆಯೂ ಸಪ್ಪೆ. ಬ್ರಾಡ್‌ವೇಯ ದೊಡ್ಡ ಪ್ರಶಸ್ತಿಯಾದ ಟೋನಿಗೆ ಎಂಟು ನಾಮನಿರ್ದೇಶನ ಬಂದವು, ಪ್ರಶಸ್ತಿ ಒಂದೂ ಬರಲಿಲ್ಲ. ಆಮೇಲೆ ಟಿಕ್‌ಟಾಕ್‌ನಲ್ಲಿ ಹುಡುಗ ಹುಡುಗಿಯರು ಹಾಡುಗಳನ್ನು ಹಬ್ಬಿಸಿದರು. ವರ್ಷದ ಕೊನೆಯ ಹೊತ್ತಿಗೆ ವಾರದ ಗಳಿಕೆ ಹತ್ತು ಲಕ್ಷ ಡಾಲರ್ ದಾಟಿತು. ಅಷ್ಟರಲ್ಲಿ ಹ್ಯೂ ಜಾಕ್‌ಮನ್ ನಟನೆಯ 'ದ ಮ್ಯೂಸಿಕ್ ಮ್ಯಾನ್'ಗೆ ದೊಡ್ಡ ಥಿಯೇಟರ್ ಬೇಕಾಗಿತ್ತು. 2020ರ ಜೂನ್ 6 ಕೊನೆಯ ದಿನ ಎಂಬ ಪ್ರಕಟಣೆ 2019ರ ಡಿಸೆಂಬರ್‌ನಲ್ಲಿ ಬಂದೇಬಿಟ್ಟಿತು. ಹೌಸ್‌ಫುಲ್ ಆಗುತ್ತಿರುವ ನಾಟಕವನ್ನು ಹೊರಗಟ್ಟುತ್ತಾರಾ ಎಂದು ಅಭಿಮಾನಿಗಳು ಕೆಂಡವಾದರು. ಆದರೆ ಷರತ್ತು ಒಮ್ಮೆ ಮುರಿದ ಮೇಲೆ ನಂತರದ ಗೆಲುವು ಅದನ್ನು ಸರಿಪಡಿಸುವುದಿಲ್ಲ.

ಇದನ್ನು 'ಫ್ಯಾಂಟಮ್ ಆಫ್ ದಿ ಆಪೆರಾ' ಜೊತೆ ಇಟ್ಟು ನೋಡಿ. 1988ರಿಂದ ಮೆಜೆಸ್ಟಿಕ್ ಥಿಯೇಟರ್‌ನಲ್ಲಿದ್ದ ಅದು 2023ರ ಫೆಬ್ರವರಿ 18ಕ್ಕೆ ಮುಗಿಯುತ್ತದೆ ಎಂದು ಘೋಷಣೆಯಾಯಿತು. ಟಿಕೆಟ್‌ಗೆ ಜನ ಮುಗಿಬಿದ್ದದ್ದರಿಂದ ಏಪ್ರಿಲ್ 16ರವರೆಗೆ, ಅಂದರೆ ಎಂಟು ವಾರ ಮುಂದೂಡಿದರು. ಅಲ್ಲಿ ಬೆನ್ನಿಗೇ ಬಂದು ನಿಂತ ಇನ್ನೊಂದು ನಾಟಕ ಇರಲಿಲ್ಲ. 'ಜಿಪ್ಸಿ' ಆ ಥಿಯೇಟರ್‌ಗೆ ಬಂದದ್ದು 2024ರ ಕೊನೆಗೆ.

ಆದ್ದರಿಂದ ಪ್ರಕಟಣೆ ಓದುವಾಗ ಹುಡುಕಬೇಕಾದದ್ದು ಒಂದೇ ವಿಷಯ: ಆ ಥಿಯೇಟರ್‌ಗೆ ಮುಂದಿನ ನಾಟಕದ ಹೆಸರು ಮತ್ತು ದಿನಾಂಕ ಗೊತ್ತಾಗಿದೆಯೇ? ಗೊತ್ತಾಗಿದ್ದರೆ ಮುಂದೂಡಿಕೆಯ ಆಸೆ ಬಿಡಿ, ಈಗಲೇ ಟಿಕೆಟ್ ತೆಗೆಯಿರಿ. ಗೊತ್ತಾಗಿಲ್ಲದಿದ್ದರೆ ಸ್ವಲ್ಪ ಕಾಯಬಹುದು. ವಿಸ್ತರಣೆಯಾದಾಗ ಸೇರುವ ವಾರಗಳ ಟಿಕೆಟ್‌ಗಳು ಮೊದಲು ಘೋಷಿಸಿದ 'ಕೊನೆಯ ವಾರ'ದ ಟಿಕೆಟ್‌ಗಳಿಗಿಂತ ಸಲೀಸಾಗಿ ಸಿಗುವುದುಂಟು.

ಎರಡು ನಾಟಕಗಳ ನಡುವಿನ ಅಂತರ ನೋಡಿ ಮೋಸಹೋಗಬೇಡಿ. 'ಮ್ಯೂಸಿಕ್ ಮ್ಯಾನ್'ನ ಪ್ರಿವ್ಯೂ (ಅಧಿಕೃತ ಆರಂಭಕ್ಕೆ ಮೊದಲಿನ ಪ್ರದರ್ಶನಗಳು) ಶುರುವಾಗಬೇಕಿದ್ದದ್ದು 2020ರ ಸೆಪ್ಟೆಂಬರ್‌ನಲ್ಲಿ. "ಮೂರು ತಿಂಗಳು ಖಾಲಿ ಇರುತ್ತದಲ್ಲ, ಆಗಸ್ಟ್‌ವರೆಗೆ ಬಿಡಬಾರದೇ" ಎಂದು ಕೇಳಿದವರಿದ್ದರು. ಖಾಲಿ ಇರುವುದಿಲ್ಲ. ಹಳೆಯ ಸೆಟ್ ಬಿಚ್ಚಬೇಕು, ಹೊಸ ಸೆಟ್, ದೀಪ, ಧ್ವನಿ ಕೂರಿಸಬೇಕು, ಆಮೇಲೆ ಅದೇ ವೇದಿಕೆಯ ಮೇಲೆ ತಾಂತ್ರಿಕ ತಾಲೀಮು ನಡೆಯಬೇಕು.

ಟಿಕೆಟ್: ಎಲ್ಲಿ, ಯಾವಾಗ, ಎಷ್ಟಕ್ಕೆ

ಶುಬರ್ಟ್ ಥಿಯೇಟರ್‌ಗಳ ಅಧಿಕೃತ ಟಿಕೆಟ್ ಮಾರಾಟ ಟೆಲಿಚಾರ್ಜ್‌ನಲ್ಲಿ. ಬೇರೆ ಮಾಲೀಕರ ಥಿಯೇಟರ್‌ಗಳಿಗೆ ಬೇರೆ ವ್ಯವಸ್ಥೆ ಇರುತ್ತದೆ. ಗೂಗಲ್‌ನಲ್ಲಿ ಹುಡುಕಿದರೆ ಮೇಲ್ಗಡೆ ಜಾಹೀರಾತಾಗಿ ಕಾಣುವುದು ಹೆಚ್ಚಾಗಿ ಮರುಮಾರಾಟದವರ ತಾಣಗಳು. ಹೆಸರಿನಲ್ಲಿ ನಾಟಕವೋ ಥಿಯೇಟರೋ ಇದ್ದ ಮಾತ್ರಕ್ಕೆ ಅದು ಅಧಿಕೃತ ಅಲ್ಲ. ನಾಟಕದ ಸ್ವಂತ ತಾಣಕ್ಕೆ ಹೋಗಿ ಅಲ್ಲಿನ ಟಿಕೆಟ್ ಕೊಂಡಿಯನ್ನೇ ಒತ್ತಿ.

ಮುಕ್ತಾಯ ಘೋಷಣೆಯಾದ ಮೇಲೆ ಬೆಲೆ ಬೇಡಿಕೆಗೆ ತಕ್ಕಂತೆ ಏರುತ್ತದೆ. ಕೊನೆಯ ಪ್ರದರ್ಶನಕ್ಕೇ ಹೋಗಬೇಕೆಂಬ ಹಟ ಇಲ್ಲದಿದ್ದರೆ, ಅದಕ್ಕೆ ಮೂರು ನಾಲ್ಕು ವಾರ ಮೊದಲಿನ ಮಂಗಳವಾರ, ಬುಧವಾರ ಅಥವಾ ಗುರುವಾರ ಆರಿಸಿ. ಬ್ರಾಡ್‌ವೇಯಲ್ಲಿ ವಾರಕ್ಕೆ ಎಂಟು ಪ್ರದರ್ಶನ. ತುಂಬದೆ ಉಳಿಯುವುದು ವಾರದ ನಡುವಿನವು. ಟೈಮ್ಸ್ ಸ್ಕ್ವೇರ್‌ನ ಕೆಂಪು ಮೆಟ್ಟಿಲುಗಳ ಕೆಳಗಿರುವ ಟಿಕೆಟಿಎಸ್ ಕೌಂಟರ್‌ನಲ್ಲಿ ಅಂದಂದಿನ ಪ್ರದರ್ಶನಗಳಿಗೆ ಶೇ. 50ರವರೆಗೆ ರಿಯಾಯಿತಿ ಸಿಗುತ್ತದೆ. ಆದರೆ ಕೊನೆಯ ವಾರಗಳಲ್ಲಿ ಹೌಸ್‌ಫುಲ್ ನಾಟಕದ ಹೆಸರು ಅಲ್ಲಿನ ಬೋರ್ಡಿನಿಂದ ಮಾಯವಾಗುತ್ತದೆ, ಅದನ್ನು ನಂಬಿ ಕೂರಬೇಡಿ. ಹಾಗೆ ಹೌಸ್‌ಫುಲ್ ಆದಾಗಲೇ ಕೆಲವು ಥಿಯೇಟರ್‌ಗಳು ಹಿಂದೆ ನಿಂತು ನೋಡುವ ಅಗ್ಗದ ಟಿಕೆಟ್ ಕೊಡುತ್ತವೆ. ಬಾಕ್ಸ್ ಆಫೀಸ್ ತೆರೆಯುವ ಮೊದಲೇ ಸಾಲಿನಲ್ಲಿ ನಿಲ್ಲಬೇಕು, ಎರಡೂವರೆ ಗಂಟೆ ಕಾಲು ಗಟ್ಟಿ ಇರಬೇಕು. ಅಗ್ಗದ ಟಿಕೆಟ್‌ಗೆ ಆನ್‌ಲೈನ್‌ನಲ್ಲಿ ಚೀಟಿ ಎತ್ತುವ ಡಿಜಿಟಲ್ ಲಾಟರಿ ಇದ್ದರೆ ದಿನವೂ ಹೆಸರು ಹಾಕಿ. ಗೆದ್ದವರು ಕೊಟ್ಟ ಗಡುವಿನೊಳಗೆ ಹಣ ಕಟ್ಟದಿದ್ದರೆ ಟಿಕೆಟ್ ಮುಂದಿನವರಿಗೆ ಹೋಗುತ್ತದೆ. ಫೋನ್ ಸೈಲೆಂಟ್‌ನಲ್ಲಿಟ್ಟು ಕಳೆದುಕೊಳ್ಳುವವರೇ ಹೆಚ್ಚು.

ವಿಂಟರ್ ಗಾರ್ಡನ್‌ನಲ್ಲಿ ಆಸನ ಆರಿಸುವಾಗ ಒಂದು ಎಚ್ಚರ. ಕಟ್ಟಡ ಮೊದಲು ಕುದುರೆ ವ್ಯಾಪಾರದ ಮನೆಯಾಗಿತ್ತು, 1911ರಲ್ಲಿ ಥಿಯೇಟರ್ ಆಯಿತು. ಅದರಿಂದಾಗಿ ಸಭಾಂಗಣ ಎತ್ತರಕ್ಕಿಂತ ಅಗಲಕ್ಕೆ ಹರಡಿಕೊಂಡಿದೆ. ತೀರಾ ಅಂಚಿನ ಆಸನಗಳಿಂದ ವೇದಿಕೆಯ ಒಂದು ಮಗ್ಗುಲು ಕಾಣುವುದಿಲ್ಲ. ಮುಂದಿನ ಸಾಲಿನ ಅಂಚಿಗಿಂತ ಮಹಡಿಯ ಮಧ್ಯಭಾಗ ವಾಸಿ, ಹಣವೂ ಉಳಿಯುತ್ತದೆ.

ಬೆಂಗಳೂರಿನಿಂದಲೋ ಮೈಸೂರಿನಿಂದಲೋ ಕೊಳ್ಳುವವರು ಮೊದಲು ಬ್ಯಾಂಕಿನ ಆ್ಯಪ್‌ನಲ್ಲಿ ಕಾರ್ಡಿನ ಅಂತರರಾಷ್ಟ್ರೀಯ ಆನ್‌ಲೈನ್ ಬಳಕೆ ಚಾಲೂ ಮಾಡಿಕೊಳ್ಳಿ. ಹೊಸ ಕಾರ್ಡುಗಳಲ್ಲಿ ಅದು ಬಂದ್ ಆಗಿಯೇ ಇರುತ್ತದೆ, ಆಸನ ಆರಿಸಿ ಹಣ ಕಟ್ಟುವಾಗ ಕೈಕೊಡುತ್ತದೆ. ಮತ್ತೆ ಸರಿಮಾಡಿಕೊಂಡು ಬರುವಷ್ಟರಲ್ಲಿ ಆಸನ ಬೇರೆಯವರ ಪಾಲು. ನ್ಯೂಯಾರ್ಕ್‌ನ ಬೆಳಗಿನ 10 ಗಂಟೆ ಎಂದರೆ ಅಲ್ಲಿನ ಬೇಸಿಗೆ ವೇಳೆಯಲ್ಲಿ ನಮಗೆ ಸಂಜೆ 7.30, ಚಳಿಗಾಲದಲ್ಲಿ ರಾತ್ರಿ 8.30.

ನ್ಯೂಜೆರ್ಸಿಯ ಎಡಿಸನ್ ಕಡೆಯ ಕನ್ನಡಿಗರಿಗೆ ಸುಲಭ: ಎನ್‌ಜೆ ಟ್ರಾನ್ಸಿಟ್ ರೈಲಿನಲ್ಲಿ ಪೆನ್ ಸ್ಟೇಷನ್, ಅಲ್ಲಿಂದ 1ನೇ ನಂಬರಿನ ಸಬ್‌ವೇಯಲ್ಲಿ 50ನೇ ಬೀದಿ. ಮೇಲೆ ಬಂದರೆ ಎದುರಿಗೇ ವಿಂಟರ್ ಗಾರ್ಡನ್. ಕೊನೆಯ ಪ್ರದರ್ಶನಕ್ಕೆ ಹೋಗುವವರು ವಾಪಸ್ ರೈಲನ್ನು ಲೆಕ್ಕಕ್ಕಿಂತ ಒಂದು ಗಂಟೆ ತಡವಾಗಿಯೇ ಯೋಚಿಸಿ. ಪ್ರತಿ ಹಾಡಿಗೂ ಚಪ್ಪಾಳೆ ನಿಲ್ಲುವುದಿಲ್ಲ, ಕೊನೆಗೆ ಭಾಷಣಗಳೂ ಇರುತ್ತವೆ.

ಹಣ ವಾಪಸ್ ಯಾವಾಗ, ಯಾವಾಗ ಇಲ್ಲ

ಕೊನೆಯ ದಿನದ ನಂತರದ ತಾರೀಖಿನ ಟಿಕೆಟ್ ನಿಮ್ಮ ಹತ್ತಿರ ಇದ್ದರೆ ಕೊಂಡ ಕಡೆಯಿಂದಲೇ ಹಣ ವಾಪಸ್ ಬರುತ್ತದೆ. ನಾಟಕ ಮುಂದೆ ಬೇರೆ ಥಿಯೇಟರ್‌ಗೆ ಹೋದರೂ ಹಳೆಯ ಟಿಕೆಟ್ ತಾನಾಗಿ ಅಲ್ಲಿಗೆ ಹೋಗುವುದಿಲ್ಲ. ಮಾಲೀಕರೂ ಬೇರೆ, ಮಾರಾಟ ವ್ಯವಸ್ಥೆಯೂ ಬೇರೆ. ಮರುಮಾರಾಟದವರಿಂದ ಕೊಂಡಿದ್ದರೆ ಅವರ ನಿಯಮವೇ ಅಂತಿಮ.

ಹೆಚ್ಚು ಜಗಳ ಆಗುವುದು ನಟರ ವಿಷಯದಲ್ಲಿ. ಮುಕ್ತಾಯ ಗೊತ್ತಾದ ಮೇಲೆ ಕಲಾವಿದರು ಮುಂದಿನ ಕೆಲಸ ನೋಡಿಕೊಳ್ಳುತ್ತಾರೆ, ಅದು ಸಹಜ. 'ಬೀಟಲ್‌ಜ್ಯೂಸ್'ನಲ್ಲಿ ಲಿಡಿಯಾ ಪಾತ್ರ ಮಾಡುತ್ತಿದ್ದ ಸೋಫಿಯಾ ಆ್ಯನ್ ಕರೂಸೊ 2020ರ ಫೆಬ್ರವರಿಯಲ್ಲೇ ಹೊರಟರು, ಘೋಷಿತ ಕೊನೆಗೆ ಇನ್ನೂ ಮೂರು ತಿಂಗಳಿಗೂ ಹೆಚ್ಚು ಸಮಯ ಇತ್ತು. ಮೆಚ್ಚಿನ ನಟ ಇಲ್ಲ ಎಂದು ಹಣ ಕೇಳಿದರೆ ಸಾಮಾನ್ಯವಾಗಿ ಸಿಗುವುದಿಲ್ಲ. ಪೋಸ್ಟರ್‌ನಲ್ಲಿ ನಾಟಕದ ಹೆಸರಿಗಿಂತ ಮೇಲೆ ಹೆಸರಿರುವ ತಾರೆ ಗೈರಾದರೆ ಮಾತ್ರ, ಅದೂ ಪರದೆ ಏಳುವ ಮೊದಲು ಬಾಕ್ಸ್ ಆಫೀಸಿಗೆ ಹೋಗಿ ಕೇಳಬೇಕು. ಒಳಗೆ ಹೋದ ತಕ್ಷಣ ಲಾಬಿಯ ಬೋರ್ಡ್ ನೋಡಿ. ಕೈಗೆ ಕೊಡುವ ಪ್ಲೇಬಿಲ್ (ನಾಟಕದ ಕಿರುಪುಸ್ತಿಕೆ) ಬಿಡಿಸಿದರೆ ಒಳಗಿಂದ ಒಂದು ಸಣ್ಣ ಬಿಳಿ ಚೀಟಿ ಜಾರಿ ಬೀಳಬಹುದು; ಈ ಪ್ರದರ್ಶನದಲ್ಲಿ ಯಾವ ಪಾತ್ರ ಯಾರು ಮಾಡುತ್ತಾರೆ ಎಂಬುದು ಅದರಲ್ಲಿರುತ್ತದೆ. ಎಸೆಯಬೇಡಿ. ಆ ದಿನ ನೀವು ನೋಡಿದ್ದು ಯಾವ ತಂಡವನ್ನು ಎಂಬುದಕ್ಕೆ ಉಳಿಯುವ ದಾಖಲೆ ಅದೇ.

ಸಿಟ್ಟನ್ನು ಎಲ್ಲಿ ಖರ್ಚು ಮಾಡಬೇಕು

ಮನವಿಯ ಸಹಿಗಳಿಂದ ಒಪ್ಪಂದ ಬದಲಾಗುವುದಿಲ್ಲ. ಮಾಲೀಕರು ನೋಡುವುದು ಬ್ರಾಡ್‌ವೇ ಲೀಗ್ ಎಂಬ ಉದ್ಯಮದ ಸಂಘ ಪ್ರತಿ ವಾರ ಪ್ರಕಟಿಸುವ ಗಳಿಕೆ ಮತ್ತು ತುಂಬಿದ ಆಸನಗಳ ಅಂಕಿಗಳನ್ನು. ಈಗಿನ ಮಾಲೀಕರು ಮನಸ್ಸು ಬದಲಿಸದಿದ್ದರೂ ಬೇರೆ ಮಾಲೀಕರು ಅದೇ ಅಂಕಿ ನೋಡುತ್ತಿರುತ್ತಾರೆ. ಕೋವಿಡ್‌ನಿಂದ 2020ರ ಮಾರ್ಚ್ 12ರಂದು ಇಡೀ ಬ್ರಾಡ್‌ವೇ ಬಾಗಿಲು ಮುಚ್ಚಿ, 'ಬೀಟಲ್‌ಜ್ಯೂಸ್'ಗೆ ಬೀಳ್ಕೊಡುಗೆಯೂ ಇಲ್ಲದೆ ಹೋಯಿತು. ಆದರೂ 2022ರ ಏಪ್ರಿಲ್ 8ರಂದು ಅದು ನೆದರ್‌ಲ್ಯಾಂಡರ್‌ನವರ ಮಾರ್ಕ್ವಿಸ್ ಥಿಯೇಟರ್‌ನಲ್ಲಿ ಮತ್ತೆ ಎದ್ದಿತು, 2023ರ ಜನವರಿ 8ರವರೆಗೆ ನಡೆಯಿತು. 2025ರ ಅಕ್ಟೋಬರ್‌ನಲ್ಲಿ ಪ್ಯಾಲೇಸ್ ಥಿಯೇಟರ್‌ಗೆ ಮೂರನೇ ಸಲ ಬಂತು. ಇದರ ಹಿಂದೆ ಮನವಿಗಿಂತ ಮುಂಚಿನ ಆ ತುಂಬಿದ ವಾರಗಳ ಪಾಲು ದೊಡ್ಡದು ಎಂಬುದು ನಮ್ಮ ಅಂದಾಜು.

ಪತ್ರ ಬರೆಯುವುದಾದರೆ ನಿರ್ಮಾಪಕರಿಗೆ ಬರೆಯಿರಿ, ಚಿಕ್ಕದಾಗಿ. ಎಷ್ಟು ಬಾರಿ ನೋಡಿದಿರಿ, ಎಲ್ಲಿಂದ ಬಂದಿರಿ, ಬೇರೆ ಥಿಯೇಟರ್‌ಗೋ ಪ್ರವಾಸಕ್ಕೋ ಹೋದರೆ ಟಿಕೆಟ್ ಕೊಳ್ಳುತ್ತೀರಾ ಎಂಬುದನ್ನು ಹೇಳಿ. ಹೊಸ ನಾಟಕದ ನಟರ ಖಾತೆಗಳಲ್ಲಿ ಬೈಗುಳ ಸುರಿಸುವುದು ಶುದ್ಧ ಅವಿವೇಕ. ಅವರಿಗೂ ಬಾಡಿಗೆ ಒಪ್ಪಂದಕ್ಕೂ ಸಂಬಂಧವೇ ಇಲ್ಲ. 'ಮ್ಯೂಸಿಕ್ ಮ್ಯಾನ್' 2022ರ ಫೆಬ್ರವರಿಯಲ್ಲಿ ಶುರುವಾಗಿ ವಾರಕ್ಕೆ 30 ಲಕ್ಷ ಡಾಲರ್ ದಾಟಿದ್ದೂ ಇದೆ. ವ್ಯಾಪಾರದ ದೃಷ್ಟಿಯಿಂದ ಶುಬರ್ಟ್‌ನವರ ಲೆಕ್ಕ ತಪ್ಪಲಿಲ್ಲ. ಆ ನಾಟಕವೂ 2023ರ ಜನವರಿ 15ಕ್ಕೆ ಮುಗಿದು ಥಿಯೇಟರ್ ಇನ್ನೊಬ್ಬರ ಪಾಲಾಯಿತು.

ಕೊನೆಯ ದಿನದ ಶಿಸ್ತು

ವೇಷ ಹಾಕಿಕೊಂಡು ಹೋಗುವವರು ಬೀಟಲ್‌ಜ್ಯೂಸ್‌ನ ಪಟ್ಟೆಪಟ್ಟೆ ಕೋಟು ಧಾರಾಳವಾಗಿ ಹಾಕಿ, ಎತ್ತರದ ಟೋಪಿ ಮತ್ತು ದೊಡ್ಡ ವಿಗ್ ಬೇಡ. ಹಿಂದಿನವರೂ ದುಡ್ಡು ಕೊಟ್ಟಿರುತ್ತಾರೆ. ಮುಖದ ಬಣ್ಣ ಆಸನಕ್ಕೆ ಅಂಟದಂತೆ ಪೌಡರ್ ಹಾಕಿ ಕೂರಿಸಿ. ಬಾಗಿಲಲ್ಲಿ ಚೀಲ ತಪಾಸಣೆ ಇರುತ್ತದೆ, ಆಯುಧದಂತೆ ಕಾಣುವ ಯಾವುದನ್ನೂ ಒಯ್ಯಬೇಡಿ. ಹಾಡು ಬಾಯಿಪಾಠ ಇದ್ದರೂ ಜೊತೆಗೆ ಹಾಡಬೇಡಿ, ಮೊಬೈಲ್‌ನಲ್ಲಿ ಚಿತ್ರೀಕರಿಸಬೇಡಿ. ಸಿಕ್ಕಿಬಿದ್ದರೆ ಹೊರಗೆ ಕಳಿಸುತ್ತಾರೆ, ಮತ್ತೆ ನೋಡಲು ಇನ್ನೊಂದು ಪ್ರದರ್ಶನ ಇರುವುದಿಲ್ಲ.

ಟೀ ಶರ್ಟ್ ಬೇಕಿದ್ದರೆ ಮಧ್ಯಂತರಕ್ಕೆ ಕಾಯದೆ ಒಳಗೆ ಹೋದ ಕೂಡಲೇ ಕೊಳ್ಳಿ, ಕೊನೆಯ ವಾರದಲ್ಲಿ ಎಲ್ಲ ಅಳತೆ ಸಿಗುವುದಿಲ್ಲ. ವಿಂಡೋ ಕಾರ್ಡ್ ಎನ್ನುವ ಗಟ್ಟಿ ಪೋಸ್ಟರ್ 14 × 22 ಇಂಚು. ಸುತ್ತಿದರೆ ಸೀಳುತ್ತದೆ, ಹಾಗಾಗಿ ಎರಡು ರಟ್ಟಿನ ನಡುವೆ ಇಟ್ಟು ಸೂಟ್‌ಕೇಸಿನ ತಳದಲ್ಲಿ ಮಲಗಿಸಿ. ಕಲಾವಿದರು ಹೊರಬರುವ ಸ್ಟೇಜ್ ಡೋರ್‌ನಲ್ಲಿ ಹಸ್ತಾಕ್ಷರಕ್ಕೆ ನಿಲ್ಲುವವರು ಸ್ವಂತ ಮಾರ್ಕರ್ ಒಯ್ಯಿರಿ, ಸಹಿ ಒಣಗುವವರೆಗೆ ಪ್ಲೇಬಿಲ್ ಮುಚ್ಚಬೇಡಿ. ಕೊನೆಯ ದಿನ ಎಷ್ಟೋ ಕಲಾವಿದರು ಹೊರಗೆ ಬರುವುದೇ ಇಲ್ಲ. ಸಹಿ ಬೇಕೇ ಬೇಕು ಎನ್ನುವವರು ಒಂದೆರಡು ವಾರ ಮೊದಲೇ ಹೋಗಿ.

ಮುಗಿದ ಮೇಲೆ ಎಲ್ಲಿ ಸಿಗುತ್ತದೆ

ಹಾಡುಗಳ ಅಧಿಕೃತ ಧ್ವನಿಮುದ್ರಣ ಇದ್ದೇ ಇದೆ. ದೃಶ್ಯ ಬೇಕೆಂದರೆ ಲಿಂಕನ್ ಸೆಂಟರ್‌ನಲ್ಲಿರುವ ನ್ಯೂಯಾರ್ಕ್ ಪಬ್ಲಿಕ್ ಲೈಬ್ರರಿಯ ಪ್ರದರ್ಶನ ಕಲೆಗಳ ಶಾಖೆಯಲ್ಲಿ 1970ರಿಂದ ನಾಟಕಗಳನ್ನು ಚಿತ್ರೀಕರಿಸಿ ಇಡುವ ಸಂಗ್ರಹ ಇದೆ. ಎಲ್ಲ ನಾಟಕಗಳೂ ಅಲ್ಲಿಲ್ಲ, ಮೊದಲು ಕ್ಯಾಟಲಾಗ್‌ನಲ್ಲಿ ಹುಡುಕಿ. ನೋಡಲು ಲೈಬ್ರರಿ ಕಾರ್ಡ್ ಬೇಕು, ಮುಂಗಡ ಸಮಯ ಗೊತ್ತುಮಾಡಿಕೊಳ್ಳಬೇಕು, ಅಧ್ಯಯನದ ಉದ್ದೇಶ ಹೇಳಬೇಕು. ಅಲ್ಲೇ ಕೂತು ನೋಡಬೇಕು, ಪ್ರತಿ ಮಾಡುವಂತಿಲ್ಲ.

ಪ್ರವಾಸಿ ತಂಡ ಇದ್ದರೆ ಅದೇ ಸುಲಭದ ದಾರಿ. ಇನ್ನು, ಮಕ್ಕಳಿಂದ ಆಡಿಸುವ ಆಸೆ ಇರುವ ಅಮೆರಿಕದ ಕನ್ನಡ ಕೂಟಗಳಿಗೆ ಒಂದು ಮಾತು. ಇಂಥ ಎಷ್ಟೋ ಮ್ಯೂಸಿಕಲ್‌ಗಳಿಗೆ ಶಾಲಾ ಮಕ್ಕಳಿಗೆಂದು ಕಿರಿದಾಗಿಸಿದ ಆವೃತ್ತಿಗಳಿದ್ದು, ಪರವಾನಗಿ ಸಂಸ್ಥೆಗಳಿಂದ ಹಣ ಕೊಟ್ಟು ಪಡೆಯಬೇಕು. ಆ ಪರವಾನಗಿಯಲ್ಲಿ ಕನ್ನಡಕ್ಕೆ ಅನುವಾದಿಸುವ ಹಕ್ಕು ಸೇರಿರುವುದಿಲ್ಲ. ಸಾಹಿತ್ಯ ಬದಲಿಸಬೇಕಿದ್ದರೆ ತಾಲೀಮು ಶುರುಮಾಡುವ ಮೊದಲೇ ಲಿಖಿತ ಅನುಮತಿ ಕೇಳಿ, ಹಾಲ್ ಬುಕ್ ಮಾಡುವುದನ್ನು ಉತ್ತರ ಬಂದ ಮೇಲೆ ಇಟ್ಟುಕೊಳ್ಳಿ.