ಇಲ್ಲವಾದ ವಿಧಾನಸಭಾ ಕ್ಷೇತ್ರದ ಚುನಾವಣಾ ಚರಿತ್ರೆ ಹುಡುಕಿ ಬರೆಯೋದು ಹೇಗೆ

ಸಾತನೂರು, ಸಂತೇಮರಹಳ್ಳಿ, ಬಿನ್ನಿಪೇಟೆ, ಉತ್ತರಹಳ್ಳಿ, ಹುಲಸೂರು, ಕುರುಗೋಡು, ವಿಟ್ಲ, ಬನ್ನೂರು, ಗುಳೇದಗುಡ್ಡ. ಊರುಗಳೆಲ್ಲ ಇದ್ದಲ್ಲೇ ಇವೆ, ಆದರೆ ಈ ಹೆಸರಿನ ವಿಧಾನಸಭಾ ಕ್ಷೇತ್ರಗಳು 2008ರಿಂದ ಇಲ್ಲ. ನಿಮ್ಮ ಊರೂ ಇಂಥದ್ದೊಂದು ಕ್ಷೇತ್ರದಲ್ಲಿ ಇತ್ತು ಅಂತಿಟ್ಟುಕೊಳ್ಳಿ. ಅಲ್ಲಿ ಯಾವಾಗ ಯಾರು ಗೆದ್ದರು, ಯಾರು ಸೋತರು, ಎಷ್ಟು ಮತದಿಂದ ಅನ್ನೋದನ್ನು ಒಂದು ಕಡೆ ಸರಿಯಾಗಿ ಬರೆದಿಡಬೇಕು ಅಂತ ಆಸೆ ಇದ್ದರೆ ಕೆಲಸ ಕಷ್ಟದ್ದೇನಲ್ಲ, ಸ್ವಲ್ಪ ತಾಳ್ಮೆ ಬೇಕು ಅಷ್ಟೇ. ಒಂದು ಮಾತು ಮೊದಲೇ ಹೇಳಿಬಿಡ್ತೀನಿ: ಕ್ಷೇತ್ರದ ಹೆಸರಿನ ಹಿಂದೆ ಹೋಗಬೇಡಿ, ಹಳ್ಳಿಗಳ ಹಿಂದೆ ಹೋಗಿ.

ಯಾಕೆ ಅಂತ ಮಂಗಳೂರು ನೋಡಿದರೆ ಗೊತ್ತಾಗುತ್ತೆ. 2004ರ ಫಲಿತಾಂಶದಲ್ಲಿ ಮಂಗಳೂರು ಕ್ಷೇತ್ರ ತೆಗೆದರೆ ಬಿಜೆಪಿಯ ಯೋಗೀಶ್ ಭಟ್ ಗೆದ್ದಿದ್ದಾರೆ. 2008ರದ್ದು ತೆಗೆದರೆ ಮಂಗಳೂರಿನಲ್ಲಿ ಕಾಂಗ್ರೆಸ್‌ನ ಯು.ಟಿ. ಖಾದರ್. ಹೆಸರು ನೋಡಿ ಬರೆಯೋರು 'ಬಿಜೆಪಿ ಕೋಟೆಯನ್ನು ಖಾದರ್ ಒಡೆದರು' ಅಂತ ಬರೆದುಬಿಡ್ತಾರೆ. ಅಲ್ಲಿ ಯಾವ ಕೋಟೆಯೂ ಒಡೆದಿಲ್ಲ! ಹಳೆಯ ಮಂಗಳೂರು ಕ್ಷೇತ್ರ 'ಮಂಗಳೂರು ನಗರ ದಕ್ಷಿಣ' ಆಯಿತು, ಅಲ್ಲಿ 2008ರಲ್ಲೂ ಯೋಗೀಶ್ ಭಟ್ ಅವರೇ ಗೆದ್ದರು. ಉಳ್ಳಾಲ ಅಂತ ಇದ್ದ ಕ್ಷೇತ್ರಕ್ಕೆ ಮಂಗಳೂರು ಅನ್ನೋ ಹೆಸರು ಬಂತು. ಖಾದರ್ 2007ರ ಉಪಚುನಾವಣೆಯಲ್ಲೇ ಉಳ್ಳಾಲದಿಂದ ಗೆದ್ದಿದ್ದರು, ಅದಕ್ಕೂ ಮೊದಲು ಅಲ್ಲಿ ಶಾಸಕರಾಗಿದ್ದವರು ಅವರ ತಂದೆ ಯು.ಟಿ. ಫರೀದ್. ಅಂದ್ರೆ ಉಳ್ಳಾಲದ ಕತೆ 2008ಕ್ಕೆ ಮುಗಿಯಲಿಲ್ಲ, ಬೇರೆ ಹೆಸರಿನಲ್ಲಿ ಮುಂದುವರಿಯಿತು.

ಹಾಗಾಗಿ ಶುರು ಮಾಡಬೇಕಾದ್ದು ಫಲಿತಾಂಶದಿಂದ ಅಲ್ಲ, ಪುನರ್ವಿಂಗಡಣೆ ಆದೇಶದಿಂದ, ಅಂದ್ರೆ ಕ್ಷೇತ್ರಗಳ ಗಡಿಯನ್ನು ಹೊಸದಾಗಿ ಗೊತ್ತುಮಾಡುವ ಆದೇಶದಿಂದ. ನಮ್ಮ ಕಡೆ ಕ್ಷೇತ್ರಗಳ ಗಡಿ ದೊಡ್ಡದಾಗಿ ಬದಲಾದದ್ದು ಕೆಲವೇ ಸಲ, ಅದು ಒಟ್ಟು ಸ್ಥಾನಗಳ ಲೆಕ್ಕದಲ್ಲೇ ಕಾಣುತ್ತೆ. ಮೊದಲ ಚುನಾವಣೆಯಲ್ಲಿ ಹಳೆಯ ಮೈಸೂರು ರಾಜ್ಯಕ್ಕೆ 99 ಸ್ಥಾನ. ಏಕೀಕರಣ ಆದ ಮೇಲೆ 1957ರಲ್ಲಿ 208. 1967ರಲ್ಲಿ 216. 1978ರಲ್ಲಿ 224, ಅಲ್ಲಿಂದ ಇವತ್ತಿನವರೆಗೂ 224. ಸ್ಥಾನಗಳ ಸಂಖ್ಯೆ ನಿಂತುಹೋಗಿದ್ದರೂ 2001ರ ಜನಗಣತಿ ಇಟ್ಟುಕೊಂಡು ಗಡಿಗಳನ್ನು ಮತ್ತೆ ಎಳೆದರು. ಆ ಹೊಸ ಗಡಿಯ ಮೇಲೆ ನಡೆದ ನಮ್ಮ ಮೊದಲ ವಿಧಾನಸಭಾ ಚುನಾವಣೆ 2008ರ ಮೇ ತಿಂಗಳದ್ದು. ಹಳ್ಳಿ ಕಡೆಯ ಎಷ್ಟೋ ಕ್ಷೇತ್ರಗಳು ಹೋದವು, ಬೆಂಗಳೂರು ನಗರದ ಲೆಕ್ಕ 28ಕ್ಕೆ ಏರಿತು.

ನಿಮ್ಮ ಕ್ಷೇತ್ರ ಈ ಪಟ್ಟಿಯಲ್ಲಿ ಯಾವಾಗ ಹುಟ್ಟಿತು, ಯಾವಾಗ ಹೋಯಿತು ಅಂತ ಮೊದಲು ಗುರುತು ಮಾಡಿಕೊಳ್ಳಿ. ಆಮೇಲೆ ಹಳೆಯ ಆದೇಶ ಮತ್ತು 2008ರ ಆದೇಶ ಎರಡನ್ನೂ ಪಕ್ಕಪಕ್ಕ ಇಟ್ಟುಕೊಳ್ಳಿ. ಆದೇಶದಲ್ಲಿ ಕ್ಷೇತ್ರದ ಹೆಸರಿನ ಮುಂದೆ ಯಾವ ತಾಲ್ಲೂಕು, ಯಾವ ಹೋಬಳಿ ಅಥವಾ ಕಂದಾಯ ವೃತ್ತ, ಯಾವ ಪಟ್ಟಣ ಅಂತ ಬರೆದಿರುತ್ತೆ. ಒಂದು ಹಾಳೆಯಲ್ಲಿ ನಿಮ್ಮ ಹಳೆಯ ಕ್ಷೇತ್ರದ ಹೋಬಳಿಗಳನ್ನೆಲ್ಲ ಬರೆದು, ಪ್ರತಿಯೊಂದೂ ಈಗ ಎಲ್ಲಿದೆ ಅಂತ ಎದುರಿಗೆ ಬರೀತಾ ಹೋಗಿ. ಸಂತೇಮರಹಳ್ಳಿ ಹೋಬಳಿಯನ್ನೇ ಹುಡುಕಿದರೆ ಅದು ಈಗ ಕೊಳ್ಳೇಗಾಲ ಕ್ಷೇತ್ರದಲ್ಲಿ ಸಿಗುತ್ತೆ, ಯಳಂದೂರೂ ಅಲ್ಲೇ ಇದೆ. ಕೆಲವು ಕ್ಷೇತ್ರಗಳು ಎರಡು ಮೂರು ಕಡೆ ಹಂಚಿಹೋಗಿವೆ. ಅಂಥ ಕಡೆ 'ಇದರ ಬದಲು ಅದು ಬಂತು' ಅಂತ ಒಂದೇ ಹೆಸರು ಬರೆಯಬೇಡಿ, ಹಂಚಿಹೋಯಿತು ಅಂತಲೇ ಬರೆಯಿರಿ.

ಕ್ಷೇತ್ರದ ಕ್ರಮಸಂಖ್ಯೆಯನ್ನೂ ನಂಬಬೇಡಿ. ಈಗ ನಿಪ್ಪಾಣಿ 1, ಗುಂಡ್ಲುಪೇಟೆ 224. 2008ಕ್ಕೆ ಮೊದಲು ಎಣಿಕೆ ಬೀದರ್ ಕಡೆಯ ಔರಾದ್‌ನಿಂದ ಶುರುವಾಗ್ತಿತ್ತು.

ಜಿಲ್ಲೆಯ ಹೆಸರೂ ಅಷ್ಟೇ. ಸಾತನೂರು 1985ರಲ್ಲಿ ಬೆಂಗಳೂರು ಜಿಲ್ಲೆಯಲ್ಲಿತ್ತು. 1986ರಲ್ಲಿ ಬೆಂಗಳೂರು ಗ್ರಾಮಾಂತರ ಬೇರೆಯಾಯಿತು, 2007ರಲ್ಲಿ ರಾಮನಗರ ಜಿಲ್ಲೆ ಬಂತು, 2025ರಲ್ಲಿ ಅದರ ಹೆಸರು ಬೆಂಗಳೂರು ದಕ್ಷಿಣ ಅಂತ ಆಯಿತು. ಊರು ಒಂದಿಂಚೂ ಅಲ್ಲಾಡಿಲ್ಲ! ಸಂತೇಮರಹಳ್ಳಿಯೂ 1997ರವರೆಗೆ ಮೈಸೂರು ಜಿಲ್ಲೆ, ಆಮೇಲೆ ಚಾಮರಾಜನಗರ. ಹುಡುಕುವಾಗ ಆ ವರ್ಷದ ಜಿಲ್ಲೆ ಯಾವುದು ಅಂತ ನೋಡಿಕೊಂಡೇ ಹುಡುಕಿ. ಇನ್ನು 1952ರ ಚುನಾವಣೆ ಬೇಕಾದರೆ ರಾಜ್ಯವನ್ನೇ ಬದಲಾಯಿಸಬೇಕು. ಬೆಳಗಾವಿ, ಧಾರವಾಡದ ಕಡೆಯದ್ದು ಮುಂಬೈ ರಾಜ್ಯದ ವರದಿಯಲ್ಲಿ, ಕಲಬುರಗಿ, ರಾಯಚೂರು, ಬೀದರ್ ಹೈದರಾಬಾದ್ ರಾಜ್ಯದ್ದರಲ್ಲಿ. ದಕ್ಷಿಣ ಕನ್ನಡ, ಬಳ್ಳಾರಿ, ಕೊಳ್ಳೇಗಾಲ ಮದ್ರಾಸ್ ರಾಜ್ಯದ್ದರಲ್ಲಿ. ಕೊಡಗಿಗೆ 24 ಸದಸ್ಯರ ತನ್ನದೇ ವಿಧಾನಸಭೆ ಇತ್ತು. ಮೈಸೂರು ರಾಜ್ಯದ ವರದಿಯಲ್ಲಿ ಬಳ್ಳಾರಿ ಇಲ್ಲ ಅಂತ ಗಾಬರಿ ಆಗಬೇಡಿ, ಅದು ನಮ್ಮ ಕಡೆಗೆ ಬಂದದ್ದೇ 1953ರ ಅಕ್ಟೋಬರ್‌ನಲ್ಲಿ.

ಈಗ ಫಲಿತಾಂಶಕ್ಕೆ ಬನ್ನಿ. ಪ್ರತಿ ಚುನಾವಣೆ ಆದ ಮೇಲೆ ಭಾರತ ಚುನಾವಣಾ ಆಯೋಗ ಒಂದು ಅಂಕಿಅಂಶ ವರದಿ ತರುತ್ತೆ. ಮೊದಲ ಚುನಾವಣೆಯಿಂದ ಹಿಡಿದು ಎಲ್ಲವೂ ಆಯೋಗದ ವೆಬ್‌ಸೈಟ್‌ನಲ್ಲಿ ಇವೆ. 1972ರವರೆಗಿನದ್ದನ್ನು ಮೈಸೂರು ಅನ್ನೋ ಹೆಸರಿನಲ್ಲಿ ಹುಡುಕಿ, ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಾದದ್ದು 1973ರಲ್ಲಿ. ವರದಿ ಇಂಗ್ಲಿಷಿನಲ್ಲಿರುತ್ತೆ, ನಮ್ಮ ಊರ ಹೆಸರುಗಳ ಕಾಗುಣಿತ ಒಂದೊಂದು ವರ್ಷ ಒಂದೊಂದು ಥರ ಇರುತ್ತೆ. ಸರ್ಚ್‌ನಲ್ಲಿ ಬರಲಿಲ್ಲ ಅಂದ ಮಾತ್ರಕ್ಕೆ ಇಲ್ಲ ಅಂತಲ್ಲ, ಅಕ್ಕಪಕ್ಕದ ಕ್ಷೇತ್ರದ ಹೆಸರು ಹಾಕಿ ನೋಡಿ, ಅದರ ಹಿಂದೆಯೋ ಮುಂದೆಯೋ ನಿಮ್ಮದು ಕೂತಿರುತ್ತೆ.

ವರದಿಯಲ್ಲಿ ಎರಡು ಪಟ್ಟಿ ನೋಡಬೇಕು. ಒಂದು ಕ್ಷೇತ್ರದ ಒಟ್ಟು ಲೆಕ್ಕ: ಮತದಾರರು ಎಷ್ಟು, ಮತ ಹಾಕಿದವರು ಎಷ್ಟು, ತಿರಸ್ಕೃತ ಮತ ಎಷ್ಟು. ಇನ್ನೊಂದು ಅಭ್ಯರ್ಥಿಗಳ ಪಟ್ಟಿ. ಅಭ್ಯರ್ಥಿಗೆ ಬಿದ್ದ ಮತದ ಶೇಕಡಾ ಲೆಕ್ಕ ಹಾಕುವಾಗ ಸಿಂಧು ಮತಗಳ (ತಿರಸ್ಕೃತ ಬಿಟ್ಟು ಉಳಿದವುಗಳ) ಮೇಲೆ ಹಾಕಿ, ಒಟ್ಟು ಮತದಾರರ ಮೇಲಲ್ಲ. 1985ರಿಂದ 1989ಕ್ಕೆ ಮತದಾರರ ಸಂಖ್ಯೆ ಜಾಸ್ತಿ ಜಿಗಿದಿದ್ದರೆ ಕಳ್ಳ ಮತದಾರರು ಅಂತ ಅನುಮಾನ ಪಡೋಕೆ ಮೊದಲು ಒಂದು ನೆನಪಿಡಿ, 1989ರಲ್ಲಿ ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿಯಿತು.

ತುಂಬಾ ಜನ ಎಡವೋದು 1952 ಮತ್ತು 1957ರಲ್ಲಿ. ಆಗ ದ್ವಿಸದಸ್ಯ ಕ್ಷೇತ್ರಗಳಿದ್ದವು. ಒಂದೇ ಕ್ಷೇತ್ರದಿಂದ ಇಬ್ಬರು ಶಾಸಕರು, ಅದರಲ್ಲಿ ಒಂದು ಸ್ಥಾನ ಮೀಸಲು. ಮೈಸೂರು ರಾಜ್ಯದ ಮೊದಲ ಚುನಾವಣೆಯಲ್ಲಿ 99 ಸ್ಥಾನಕ್ಕೆ ಕ್ಷೇತ್ರ ಇದ್ದದ್ದು 80, ಹತ್ತೊಂಬತ್ತರಲ್ಲಿ ಇಬ್ಬಿಬ್ಬರು. ಅಲ್ಲಿ ಪ್ರತಿ ಮತದಾರನಿಗೆ ಎರಡು ಮತ, ಎರಡನ್ನೂ ಒಬ್ಬರಿಗೇ ಹಾಕುವ ಹಾಗಿಲ್ಲ. ಹಾಗಾಗಿ 60 ಸಾವಿರ ಜನ ಬಂದಿದ್ದರೆ 1 ಲಕ್ಷ 20 ಸಾವಿರದವರೆಗೂ ಮತ ಬಿದ್ದಿರಬಹುದು. ಮತಗಳನ್ನು ಕೂಡಿ ಮತದಾರರ ಸಂಖ್ಯೆಯಿಂದ ಭಾಗಿಸಿ 'ಶೇ 90 ಮತದಾನ' ಅಂತ ತಪ್ಪಾಗಿ ಬರೆಯೋದು ಇಲ್ಲೇ. ಮೊದಲ ಸ್ಥಾನ ಬಂದವರಿಗೂ ಎರಡನೇ ಸ್ಥಾನ ಬಂದವರಿಗೂ ನಡುವಿನ ವ್ಯತ್ಯಾಸವನ್ನು ಗೆಲುವಿನ ಅಂತರ ಅಂತ ಬರೆಯೋದೂ ತಪ್ಪು, ಇಬ್ಬರೂ ಗೆದ್ದಿರಬಹುದಲ್ವಾ? 1961ರ ಕಾಯ್ದೆಯಿಂದ ಈ ಪದ್ಧತಿ ಹೋಯಿತು, 1962ರಿಂದ ತಲೆನೋವಿಲ್ಲ.

ಪಕ್ಷದ ಕಾಲಂ ಮತ್ತು ವ್ಯಕ್ತಿಯ ಕಾಲಂ ಬೇರೆ ಬೇರೆ ಇಟ್ಟುಕೊಳ್ಳಿ. ಇದಕ್ಕೆ ಸಾತನೂರಿಗಿಂತ ಒಳ್ಳೆಯ ಉದಾಹರಣೆ ಬೇಡ. 1985ರಲ್ಲಿ ಅಲ್ಲಿ ಜನತಾ ಪಕ್ಷದ ಎಚ್.ಡಿ. ದೇವೇಗೌಡರು ಗೆದ್ದರು, ಸೋತವರು ಡಿ.ಕೆ. ಶಿವಕುಮಾರ್. 1989ರಲ್ಲಿ ಶಿವಕುಮಾರ್ ಕಾಂಗ್ರೆಸ್‌ನಿಂದ ಗೆದ್ದರು. 1994ರಲ್ಲಿ ಪಕ್ಷೇತರರಾಗಿ ಗೆದ್ದರು. 1999ರಲ್ಲಿ ಮತ್ತೆ ಕಾಂಗ್ರೆಸ್, ಸೋತವರು ಎಚ್.ಡಿ. ಕುಮಾರಸ್ವಾಮಿ. 2004ರಲ್ಲೂ ಶಿವಕುಮಾರ್ ಅವರೇ. ಪಕ್ಷವನ್ನಷ್ಟೇ ನೋಡಿದರೆ 1994ರಲ್ಲಿ ಕಾಂಗ್ರೆಸ್ ಕೈತಪ್ಪಿ ಐದು ವರ್ಷದ ಮೇಲೆ ವಾಪಸ್ ಬಂದ ಹಾಗೆ ಕಾಣುತ್ತೆ, ವ್ಯಕ್ತಿಯನ್ನು ನೋಡಿದರೆ 1989ರಿಂದ ಕ್ಷೇತ್ರ ಹೋಗುವವರೆಗೂ ಒಬ್ಬರೇ. ಎರಡೂ ನಿಜ. ಪಕ್ಷದ ಸಂಕೇತಾಕ್ಷರಗಳ ಬಗ್ಗೆಯೂ ಎಚ್ಚರ ಇರಲಿ. 1969ರಲ್ಲಿ ಕಾಂಗ್ರೆಸ್ ಒಡೆದ ಮೇಲೆ 1972ರಲ್ಲಿ ಎರಡು ಕಾಂಗ್ರೆಸ್, 1978ರಲ್ಲೂ ಎರಡು. 1999ರಲ್ಲಿ ಎರಡು ಜನತಾ ದಳ. 'ಕಾಂಗ್ರೆಸ್', 'ದಳ' ಅಂತ ಸುಮ್ನೆ ಬರೆದರೆ ಓದೋರಿಗೆ ಏನೂ ಗೊತ್ತಾಗೋಲ್ಲ.

ಸಾತನೂರಿನ 1985ರಲ್ಲಿ ಇನ್ನೊಂದು ಸೂಕ್ಷ್ಮ ಇದೆ. ದೇವೇಗೌಡರು ಅದೇ ವರ್ಷ ಹೊಳೆನರಸೀಪುರದಲ್ಲೂ ಗೆದ್ದಿದ್ದರು. ಎರಡು ಕಡೆ ಗೆದ್ದವರು ಒಂದನ್ನು ಬಿಡಲೇಬೇಕು, ಬಿಟ್ಟ ಕಡೆ ಉಪಚುನಾವಣೆ ಆಗಲೇಬೇಕು. ಆದರೆ ಸಾರ್ವತ್ರಿಕ ಚುನಾವಣೆಯ ವರದಿಯಲ್ಲಿ ಉಪಚುನಾವಣೆ ಇರೋಲ್ಲ! ಇದನ್ನು ಮರೆತರೆ ಚರಿತ್ರೆಯೇ ತಲೆಕೆಳಗಾಗುತ್ತೆ. ಕನಕಪುರ ಲೋಕಸಭಾ ಕ್ಷೇತ್ರ ಅಂತ ಒಂದಿತ್ತು, ಅದೂ 2008ರ ಪುನರ್ವಿಂಗಡಣೆಯಲ್ಲೇ ಹೋಯಿತು. ಸಾರ್ವತ್ರಿಕ ಚುನಾವಣೆಗಳನ್ನಷ್ಟೇ ನೋಡಿದರೆ 1999ರಲ್ಲಿ ಕಾಂಗ್ರೆಸ್‌ನ ಎಂ.ವಿ. ಚಂದ್ರಶೇಖರಮೂರ್ತಿ, 2004ರಲ್ಲಿ ಕಾಂಗ್ರೆಸ್‌ನ ತೇಜಸ್ವಿನಿ. ಕಾಂಗ್ರೆಸ್ ಆರಾಮಾಗಿ ಉಳಿಸಿಕೊಂಡಿದೆ ಅನ್ನಿಸುತ್ತೆ. ನಡುವೆ 2002ರ ಉಪಚುನಾವಣೆಯಲ್ಲಿ ದೇವೇಗೌಡರು ಡಿ.ಕೆ. ಶಿವಕುಮಾರ್ ಅವರನ್ನು ಸೋಲಿಸಿ ಗೆದ್ದಿದ್ದರು, ತೇಜಸ್ವಿನಿ 2004ರಲ್ಲಿ ಸೋಲಿಸಿದ್ದು ದೇವೇಗೌಡರನ್ನೇ. ಮಾಜಿ ಪ್ರಧಾನಿಯೊಬ್ಬರ ಗೆಲುವೂ ಸೋಲೂ ಒಂದೇ ಖಾಲಿ ಸಾಲಿನಲ್ಲಿ ಮಾಯ. ಹಾಗಾಗಿ ಪ್ರತಿ ಎರಡು ಚುನಾವಣೆಯ ನಡುವೆ ಆ ಶಾಸಕರು ತೀರಿಕೊಂಡರಾ, ರಾಜೀನಾಮೆ ಕೊಟ್ಟರಾ, ಲೋಕಸಭೆಗೆ ಹೋದರಾ ಅಂತ ಕೇಳಿಕೊಳ್ಳಿ. ಉಪಚುನಾವಣೆಯ ಲೆಕ್ಕ ಆಯೋಗದ ಬೇರೆ ಪಟ್ಟಿಯಲ್ಲಿ ಅಥವಾ ಆ ಕಾಲದ ಪತ್ರಿಕೆಯಲ್ಲಿ ಹುಡುಕಬೇಕಾಗುತ್ತೆ.

ಅಂಕಿ ಒಂದೇ ಸಾಲಿನಲ್ಲಿದ್ದರೂ ಅದರ ಹಿಂದಿನದ್ದನ್ನು ಬಿಡಬೇಡಿ. ಸಂತೇಮರಹಳ್ಳಿ ಮೀಸಲು ಕ್ಷೇತ್ರ, 2004: ಕಾಂಗ್ರೆಸ್‌ನ ಆರ್. ಧ್ರುವನಾರಾಯಣ 40,752. ಜೆಡಿಎಸ್‌ನ ಎ.ಆರ್. ಕೃಷ್ಣಮೂರ್ತಿ 40,751. ಅಂತರ ಒಂದು ಮತ. ಆ ಕ್ಷೇತ್ರದ ಕೊನೆಯ ಸಾರ್ವತ್ರಿಕ ಚುನಾವಣೆಯೂ ಅದೇ. ಕೃಷ್ಣಮೂರ್ತಿಯವರ ಕಾರಿನ ಡ್ರೈವರ್‌ಗೇ ಅವತ್ತು ಮತ ಹಾಕೋಕೆ ಆಗಲಿಲ್ಲ, ಅದಕ್ಕೇ ಸೋತರು ಅಂತ ಈಗಲೂ ಹೇಳ್ತಾರೆ. ವರದಿಯಲ್ಲಿ ಇದು ಇರೋಲ್ಲ, ಜನರ ಬಾಯಲ್ಲಿ ಇರುತ್ತೆ, ಹಾಗಂತಲೇ ಬರೆಯಿರಿ. ಒಂದು ತಕರಾರು ನನ್ನದು: ಆ ಒಂದು ಮತ ಬಿದ್ದಿದ್ದರೂ ಅವರು ಗೆಲ್ತಾ ಇರ್ಲಿಲ್ಲ, ಸಮ ಆಗ್ತಾ ಇತ್ತು. ಮತ ಸಮ ಆದರೆ ಚುನಾವಣಾಧಿಕಾರಿ ಚೀಟಿ ಎತ್ತಬೇಕು, ಪ್ರಜಾಪ್ರತಿನಿಧಿ ಕಾಯ್ದೆಯ 65ನೇ ಸೆಕ್ಷನ್ ಅದನ್ನೇ ಹೇಳುತ್ತೆ. ಇಬ್ಬರ ಮುಂದಿನ ದಾರಿಯನ್ನೂ ಎರಡು ಸಾಲಲ್ಲಿ ಸೇರಿಸಿ: ಧ್ರುವನಾರಾಯಣ 2008ರಲ್ಲಿ ಕೊಳ್ಳೇಗಾಲದಲ್ಲಿ ಗೆದ್ದು 2009ರಲ್ಲಿ ಚಾಮರಾಜನಗರದ ಸಂಸದರಾದರು, 2023ರ ಮಾರ್ಚ್‌ನಲ್ಲಿ ತೀರಿಕೊಂಡರು. ಅದೇ ವರ್ಷದ ಮೇ ತಿಂಗಳಲ್ಲಿ ಕೃಷ್ಣಮೂರ್ತಿ ಕಾಂಗ್ರೆಸ್‌ನಿಂದಲೇ ಕೊಳ್ಳೇಗಾಲ ಗೆದ್ದರು. ಹೋಬಳಿಯ ಹಿಂದೆ ಹೋದವರಿಗೆ ಮಾತ್ರ ಈ ಕತೆ ಪೂರ್ತಿ ಸಿಗುತ್ತೆ.

ವರದಿಯ ಆಚೆಗೆ ಬೇಕಾದರೆ ಜಿಲ್ಲಾ ಗೆಜೆಟಿಯರ್ ತೆಗೆಯಿರಿ, ಸಾರ್ವಜನಿಕ ಜೀವನದ ಅಧ್ಯಾಯದಲ್ಲಿ ಚುನಾವಣೆಗಳ ವಿಚಾರ ಇರುತ್ತೆ. ಹಳೆಯ ಪತ್ರಿಕೆಗಳಲ್ಲಿ ಎಣಿಕೆಯ ಮರುದಿನದ ಸಂಚಿಕೆ ಸಾಕು, ಪ್ರಜಾವಾಣಿ 1948ರಿಂದ ಇದೆ, ಮೊದಲ ಚುನಾವಣೆಯೂ ಅದರಲ್ಲಿ ಸಿಗಬೇಕು. ಯಾವ ಊರಿನಲ್ಲಿ ಯಾರಿಗೆ ಎಷ್ಟು ಅನ್ನೋ ಬೂತ್ ಲೆಕ್ಕ ಬೇಕಾದರೆ ಕೇಳಬೇಕಾದ್ದು ನಮೂನೆ 20. ಹಳೆಯ ಚುನಾವಣೆಗಳದ್ದು ಸಿಗೋದು ಅದೃಷ್ಟ. ಜಿಲ್ಲಾ ಚುನಾವಣಾ ಶಾಖೆಗೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ ನೋಡಿ. ಶುಲ್ಕ 10 ರೂಪಾಯಿ. ಕರ್ನಾಟಕದ ನಿಯಮದ ಪ್ರಕಾರ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದ ದಾಟಬಾರದು, ಆದ್ದರಿಂದ 'ಎಲ್ಲಾ ಚುನಾವಣೆಗಳ ಎಲ್ಲಾ ಮಾಹಿತಿ' ಅಂತ ಕೇಳಬೇಡಿ. ವರ್ಷ, ಕ್ಷೇತ್ರದ ಅವತ್ತಿನ ಹೆಸರು, ಅವತ್ತಿನ ಸಂಖ್ಯೆ, ನಮೂನೆ 20, ಇಷ್ಟು ಬರೆದು ಕಳಿಸಿ. ಜಿಲ್ಲೆ ಒಡೆದಿದ್ದರೆ ಹಳೆಯ ಜಿಲ್ಲೆಯ ಕಚೇರಿಗೂ ಒಂದು ಅರ್ಜಿ ಹಾಕಿ, ಕಡತಗಳು ಅಲ್ಲೇ ಉಳಿದಿರೋದು ಜಾಸ್ತಿ.