ಡಿಎಸ್-2019: ನಾಲ್ಕನೇ ಕಾಲಂ ಮೊದಲು ಓದಿ

ಕಳೆದ ತಿಂಗಳು ಧಾರವಾಡದ ಹುಡುಗಿಯೊಬ್ಬಳು ಫೋನ್ ಮಾಡಿದ್ದಳು. "ಸರ್, ಅಮೆರಿಕದ ಡಿವಿನಿಟಿ ಸ್ಕೂಲೊಂದರಲ್ಲಿ (ಧರ್ಮಶಾಸ್ತ್ರದ ಕಾಲೇಜು) ಬುದ್ಧಿಸ್ಟ್ ಮಿನಿಸ್ಟ್ರಿಯ ಎರಡು ವರ್ಷದ ಪೋಸ್ಟ್‌ಡಾಕ್ ಸಿಕ್ಕಿದೆ. ಆದ್ರೆ ವೀಸಾಗೆ ಬೇಕಾದ ಡಿಎಸ್-2019 ಪೇಪರ್ ಕೊಡೋಕಾಗಲ್ಲ ಅಂತಿದಾರೆ." ಪೋಸ್ಟ್‌ಡಾಕ್ ಅಂದರೆ ಪಿಎಚ್‌ಡಿ ಮುಗಿದ ಮೇಲಿನ ತಾತ್ಕಾಲಿಕ ಸಂಶೋಧನಾ ಕೆಲಸ. ನಾನು ಕೇಳಿದ್ದು ಒಂದೇ ಪ್ರಶ್ನೆ. "ಹಿಂದೆ ಯಾವಾಗಲಾದ್ರೂ ಜೆ-1ರಲ್ಲಿ, ಅಂದ್ರೆ ಎಕ್ಸ್‌ಚೇಂಜ್ ವೀಸಾದಲ್ಲಿ, ಅಮೆರಿಕಕ್ಕೆ ಬಂದಿದ್ಯಾ?" ಬಂದಿದ್ದಳು, ಹತ್ತು ವಾರಕ್ಕೆ. ಉಳಿದ ಕಥೆ ಅವಳು ಹೇಳಬೇಕಿರಲಿಲ್ಲ. ಅದೇ ಗುಂಡಿಗೆ ನಾನೂ ಬಿದ್ದವನು.

ಕೆಲಸದ ಬಗ್ಗೆ ಮೊದಲು ಎರಡು ಮಾತು. "ಬುದ್ಧಿಸ್ಟ್ ಮಿನಿಸ್ಟ್ರಿ" ಅಂದಾಗ ನಮ್ಮ ಚಿಕ್ಕಪ್ಪ "ಯಾವ ಖಾತೆಯೋ ಅದು, ಮುಜರಾಯಿನಾ?" ಎಂದು ಕೇಳಿದ್ದರು. ಸರ್ಕಾರಕ್ಕೂ ಇದಕ್ಕೂ ಸಂಬಂಧವಿಲ್ಲ. ಆಸ್ಪತ್ರೆ, ಜೈಲು, ಸೇನೆ, ಕಾಲೇಜು ಕ್ಯಾಂಪಸ್‌ಗಳಲ್ಲಿ ಕಷ್ಟದಲ್ಲಿರುವವರ ಪಕ್ಕ ಕೂರುವ ಕೆಲಸಕ್ಕೆ ಇಲ್ಲಿ ಅಮೆರಿಕದಲ್ಲಿ ಸಂಬಳ ಕೊಟ್ಟು ಚಾಪ್ಲೆನ್‌ಗಳನ್ನು ಇಡುತ್ತಾರೆ. ಬೌದ್ಧ ಹಿನ್ನೆಲೆಯಿಂದ ಆ ಕೆಲಸಕ್ಕೆ ತಯಾರಾಗುವವರಿಗೆ ಪಾಠ ಹೇಳುವ ಸಂಸ್ಥೆಗಳಿವೆ. ಹಾರ್ವರ್ಡ್ ಡಿವಿನಿಟಿ ಸ್ಕೂಲ್ 2011ರಲ್ಲಿ ಇದಕ್ಕಾಗಿಯೇ ಒಂದು ವಿಭಾಗ ಶುರುಮಾಡಿತು. ಕೊಲರಾಡೊದ ನರೋಪ, ಕ್ಯಾಲಿಫೋರ್ನಿಯಾದ ಯೂನಿವರ್ಸಿಟಿ ಆಫ್ ದಿ ವೆಸ್ಟ್, ಬರ್ಕ್ಲಿಯ ಇನ್‌ಸ್ಟಿಟ್ಯೂಟ್ ಆಫ್ ಬುದ್ಧಿಸ್ಟ್ ಸ್ಟಡೀಸ್ ಇವೆ. ಗಡಿಯಾಚೆ ಟೊರೊಂಟೊದ ಇಮ್ಯಾನುಯೆಲ್ ಕಾಲೇಜಿದೆ. ಪೋಸ್ಟ್‌ಡಾಕ್ ಜಾಗಗಳು ಮಾತ್ರ ಬೆರಳೆಣಿಕೆಯಷ್ಟು, ಅವೂ ಪ್ರತಿ ವರ್ಷ ಬರುವುದಿಲ್ಲ. ಬಂದಾಗ ಸಾಮಾನ್ಯವಾಗಿ ಅರ್ಧ ಸಂಶೋಧನೆ, ಅರ್ಧ ಪಾಠ.

ಆ ಪಾಠದ ಭಾಗದಲ್ಲೇ ನಮ್ಮವರು ಎಡವುತ್ತಾರೆ. ನನ್ನ ಪಿಎಚ್‌ಡಿ ಕಲಬುರಗಿ ಜಿಲ್ಲೆಯ ಸನ್ನತಿ ಪಕ್ಕದ ಕನಗನಹಳ್ಳಿ ಸ್ತೂಪದ ಮೇಲೆ. ಇಂಥದ್ದೊಂದು ಕೆಲಸದ ಸಂದರ್ಶನದಲ್ಲಿ "ರಾಯೋ ಅಸೋಕೋ" (ರಾಜ ಅಶೋಕ) ಎಂದು ಕೆತ್ತಿದ ಆ ಶಿಲ್ಪದ ಬಗ್ಗೆ ನಲವತ್ತು ನಿಮಿಷ ಉತ್ಸಾಹದಿಂದ ಮಾತಾಡಿದೆ. ಕೊನೆಗೆ ಒಬ್ಬರು ಕೇಳಿದರು: "ನಿಮ್ಮ ವಿದ್ಯಾರ್ಥಿನಿ ರಾತ್ರಿ ಪಾಳಿ ಮುಗಿಸಿ ಆಸ್ಪತ್ರೆಯಿಂದ ಬರ್ತಾಳೆ. ಅವಳೆದುರೇ ಒಂದು ಮಗು ಸತ್ತಿದೆ. ಅವಳ ಜೊತೆ ಏನು ಓದ್ತೀರಿ?" ನಾನು ತಟ್ಟನೆ ಕಿಸಾಗೋತಮಿ, ಸಾಸಿವೆ ಕಾಳು ಎಂದೆ. "ಮಗು ಕಳಕೊಂಡ ತಾಯಿಗೆ ಆ ರಾತ್ರಿ ಆ ಕಥೆ ಹೇಳ್ತೀರಾ?" ನನ್ನ ಬಾಯಿ ಕಟ್ಟಿತು. ಆ ಕೆಲಸ ಸಿಗಲಿಲ್ಲ, ಸಿಗಬಾರದಿತ್ತು ಕೂಡ.

ಈ ವಿದ್ಯಾರ್ಥಿಗಳು ಸಿಪಿಇ ಎಂಬ ಆಸ್ಪತ್ರೆ ತರಬೇತಿ ಮಾಡಿರುತ್ತಾರೆ. ಒಂದು ಯೂನಿಟ್ ಎಂದರೆ ಕನಿಷ್ಠ 400 ಗಂಟೆ. ರೋಗಿಯ ಜೊತೆ ನಡೆದ ಮಾತನ್ನು ನೆನಪಿನಿಂದ ಸಾಲು ಸಾಲಾಗಿ ಬರೆದು ಗುಂಪಿನ ಮುಂದಿಡುತ್ತಾರೆ. ಅದಕ್ಕೆ ವರ್ಬೇಟಿಮ್ ಎನ್ನುತ್ತಾರೆ. ಅಂಥ ನಾಲ್ಕಾರು ವರ್ಬೇಟಿಮ್ ಓದದೆ ಸಂದರ್ಶನಕ್ಕೆ ಹೋಗಬೇಡಿ. ಇನ್ನೊಂದು, ಬೈಲಕುಪ್ಪೆಯಲ್ಲೋ ಮುಂಡಗೋಡದಲ್ಲೋ ಭಿಕ್ಷುಗಳಿಗೆ ಇಂಗ್ಲಿಷ್ ಕಲಿಸಿದ್ದರೆ, ಕಿದ್ವಾಯಿಯಲ್ಲಿ ನೆಂಟರ ಪಕ್ಕ ತಿಂಗಳುಗಟ್ಟಲೆ ಕೂತಿದ್ದರೆ ಬರೆಯಿರಿ. ಅದು ಸಂಶೋಧನೆ ಅಲ್ವಲ್ಲ ಅಂತ ನಾವು ಮುಚ್ಚಿಡುತ್ತೇವೆ. ಅವರು ಹುಡುಕುವುದೇ ಅದನ್ನ.

ಈಗ ಗುಂಡಿಯ ವಿಷಯ.

ನಾನು ಮೊದಲು ಬಂದದ್ದು ನಾಲ್ಕು ತಿಂಗಳಿಗೆ. ಒಂದು ವಿಶ್ವವಿದ್ಯಾಲಯ ಸುಮ್ನೆ ಗ್ರಂಥಾಲಯ ಬಳಸಲು ಕರೆದಿತ್ತು, ಸಂಬಳವೂ ಇರಲಿಲ್ಲ. ಅವರು ಡಿಎಸ್-2019 ಎಂಬ ಕಾಗದ ಕಳಿಸಿದರು. ಹೆಸರಿನ ಸ್ಪೆಲಿಂಗ್, ಹುಟ್ಟಿದ ದಿನ ಎಲ್ಲ ಮೂರು ಸಲ ನೋಡಿದೆ. ನಾಲ್ಕನೇ ಕಾಲಂನಲ್ಲಿ "ರಿಸರ್ಚ್ ಸ್ಕಾಲರ್" ಎಂದಿತ್ತು. ಓದಿ ಹೆಮ್ಮೆ ಬೇರೆ ಪಟ್ಟೆ. ಅಲ್ಲಿ "ಶಾರ್ಟ್-ಟರ್ಮ್ ಸ್ಕಾಲರ್" ಎಂದಿರಬೇಕಿತ್ತು.

ವ್ಯತ್ಯಾಸ ಇಷ್ಟು. ಶಾರ್ಟ್-ಟರ್ಮ್ ಸ್ಕಾಲರ್ ಗರಿಷ್ಠ ಆರು ತಿಂಗಳು, ಅದಕ್ಕಿಂತ ಮುಂದೆ ಹೋಗುವುದಿಲ್ಲ. ರಿಸರ್ಚ್ ಸ್ಕಾಲರ್‌ಗೆ ಐದು ವರ್ಷದವರೆಗೆ ಅವಕಾಶ. ಯಾರಿಗಾದರೂ ಎರಡನೆಯದೇ ಒಳ್ಳೆಯದು ಅನಿಸುತ್ತದೆ, ಅಲ್ವಾ? ಆದರೆ ಆ ಐದು ವರ್ಷ ಎಂಬುದು ಬೇಕಾದಾಗ ಬಿಡಿಸಿಕೊಳ್ಳುವ ಬ್ಯಾಂಕಿನ ದುಡ್ಡಲ್ಲ. ಕಾರ್ಯಕ್ರಮ ಮುಗಿಸಿ ಊರಿಗೆ ಹೊರಟಿರೋ, ದಾಖಲೆ ಮುಚ್ಚುತ್ತದೆ. ನಾಲ್ಕೇ ತಿಂಗಳು ಬಳಸಿದ್ದರೂ ಉಳಿದದ್ದು ಹೋಯಿತು. ಅಲ್ಲಿಂದ 24 ತಿಂಗಳು ರಿಸರ್ಚ್ ಸ್ಕಾಲರ್ ಅಥವಾ ಪ್ರೊಫೆಸರ್ ವರ್ಗದಲ್ಲಿ ಮತ್ತೆ ಬರುವ ಹಾಗಿಲ್ಲ. ಜೆ-2ರಲ್ಲಿ, ಅಂದರೆ ಜೆ-1ನವರ ಕುಟುಂಬದ ವೀಸಾದಲ್ಲಿ, ಜೊತೆಗೆ ಬಂದ ಗಂಡ ಅಥವಾ ಹೆಂಡತಿಗೂ ಈ ತಡೆ ಅಂಟುತ್ತದೆ. ಇಬ್ಬರೂ ಸಂಶೋಧಕರಾಗಿದ್ದರೆ ಒಂದೇ ಕಲ್ಲಿಗೆ ಇಬ್ಬರೂ ಎಡವಿದ ಹಾಗೆ.

ಮೈಸೂರಿಗೆ ಮರಳಿ ಎಂಟು ತಿಂಗಳಾಗಿತ್ತು. ಈ ಸಲ ವರ್ಬೇಟಿಮ್ ಎಲ್ಲ ಓದಿಕೊಂಡು ಬೇರೆ ಕಡೆ ಅರ್ಜಿ ಹಾಕಿದ್ದೆ, ಎರಡು ವರ್ಷದ ಪೋಸ್ಟ್‌ಡಾಕ್ ಸಿಕ್ಕಿತು. ಪೇಢಾ ಹಂಚಿದ್ದೂ ಆಯಿತು. ಆಮೇಲೆ ಅಂತರರಾಷ್ಟ್ರೀಯ ವಿಭಾಗದಿಂದ ಎರಡು ಸಾಲಿನ ಇಮೇಲ್. ಇನ್ನೂ ಹದಿನಾರು ತಿಂಗಳು ಕಾಯಬೇಕು. ಆ ಜಾಗ ಕಾಯಲಿಲ್ಲ.

ಎಲ್ಲರೂ ಇದನ್ನು ಇನ್ನೊಂದು ನಿಯಮದ ಜೊತೆ ಕಲಸಿಬಿಡುತ್ತಾರೆ. "ಎರಡು ವರ್ಷ ಊರಲ್ಲಿರಬೇಕು" ಎಂಬ 212(ಇ) ಬೇರೆಯದು. ಯಾವ ದೇಶದ ಯಾವ ಪರಿಣತಿಯವರು ಹಿಂದಿರುಗಬೇಕು ಎಂದು ಹೇಳುವ ಅದರ ಕೌಶಲ್ಯ ಪಟ್ಟಿಯಿಂದ 2024ರ ಡಿಸೆಂಬರ್‌ನಲ್ಲಿ ಭಾರತವನ್ನು ತೆಗೆದಿದ್ದಾರೆ. ಫುಲ್‌ಬ್ರೈಟ್‌ನಂಥ ಸರ್ಕಾರಿ ದುಡ್ಡಿನಲ್ಲಿ ಬಂದವರಿಗೆ, ವೈದ್ಯಕೀಯ ತರಬೇತಿಗೆ ಬಂದ ಡಾಕ್ಟರುಗಳಿಗೆ ಅದು ಈಗಲೂ ತಗಲುತ್ತದೆ, ಅದಕ್ಕೆ ಮನ್ನಾ ಕೇಳಬಹುದು. 24 ತಿಂಗಳ ತಡೆಗೆ ಮನ್ನಾ ಎಂಬುದೇ ಇಲ್ಲ. "ಭಾರತಕ್ಕೆ ಈಗ ಎರಡು ವರ್ಷದ ಕಟ್ಟುಪಾಡು ಇಲ್ವಂತೆ" ಎಂದು ವಾಟ್ಸಾಪ್‌ನಲ್ಲಿ ಓದಿ ನೆಮ್ಮದಿಯಾಗಬೇಡಿ.

ಹಾಗಾಗಿ ಆರು ತಿಂಗಳೊಳಗಿನ ಭೇಟಿಯಾದರೆ ಶಾರ್ಟ್-ಟರ್ಮ್ ಸ್ಕಾಲರ್ ಎಂದೇ ಹಾಕಲು ಬರವಣಿಗೆಯಲ್ಲಿ ಕೇಳಿ. ಕರೆಯುವ ವಿಭಾಗದ ಪ್ರಾಧ್ಯಾಪಕರಿಗೆ ಇದು ಗೊತ್ತಿರುವುದಿಲ್ಲ, ಪಾಪ. ಕಾಗದ ಮಾಡುವ ಆಫೀಸಿಗೇ ಬರೆಯಿರಿ. ಈಗಾಗಲೇ ರಿಸರ್ಚ್ ಸ್ಕಾಲರ್ ಆಗಿ ಇಲ್ಲಿದ್ದು ಬೇರೆ ಕಡೆ ಕೆಲಸ ಸಿಕ್ಕಿದರೆ, ಕೊನೆಯ ದಿನಾಂಕಕ್ಕೆ ಮುಂಚೆಯೇ ದಾಖಲೆಯನ್ನು ಹೊಸ ಸಂಸ್ಥೆಗೆ ವರ್ಗ ಮಾಡಿಸಿ. ನಡುವೆ ಅಂತರ ಬಿಡಬೇಡಿ. ಊರಿಗೆ ಹೋಗಿ ಹಬ್ಬ ಮುಗಿಸಿ ನಿಧಾನಕ್ಕೆ ನೋಡೋಣ ಎಂದರೆ ಕೆಟ್ಟಿರಿ. "ಎಚ್-1ಬಿ ಮಾಡ್ಸಿ" ಎನ್ನುವವರೂ ಇದ್ದಾರೆ. 2025ರ ಸೆಪ್ಟೆಂಬರ್‌ನಲ್ಲಿ ಹೊರಗಿನಿಂದ ಬರುವವರ ಹೊಸ ಅರ್ಜಿಗೆ ಒಂದು ಲಕ್ಷ ಡಾಲರ್ ಶುಲ್ಕದ ಆದೇಶ ಬಂದ ಮೇಲೆ, ಧರ್ಮಶಾಸ್ತ್ರದ ಯಾವ ವಿಭಾಗ ಅಷ್ಟು ದುಡ್ಡು ಸುರಿಯುತ್ತದೆ ಹೇಳಿ.

ನಮ್ಮ ಯುಜಿಸಿಯನ್ನು ನಾನು ಬೇಕಾದಷ್ಟು ಬೈದಿದ್ದೇನೆ. ಆದರೂ ಅಲ್ಲಿ ನಿಯಮವನ್ನು ಜಾಹೀರಾತಿನಲ್ಲೇ ಅಚ್ಚು ಹಾಕುತ್ತಾರೆ, ಸಂಬಳದ ಶ್ರೇಣಿ ಸಮೇತ. ಇಲ್ಲಿ ಎಲ್ಲರೂ ನಗುನಗುತ್ತಾ ಮಾತಾಡುತ್ತಾರೆ, ಹೇಳಬೇಕಾದ್ದನ್ನು ಕೇಳಿದರೆ ಮಾತ್ರ ಹೇಳುತ್ತಾರೆ. ಈ ವಿಷಯದಲ್ಲಿ ನನ್ನ ಓಟು ನಮ್ಮ ಗುಮಾಸ್ತರಿಗೇ.

ತೆರಿಗೆಯಲ್ಲೂ ಇಂಥದ್ದೇ ಒಂದಿದೆ. ಭಾರತದಿಂದ ನೇರವಾಗಿ ಬಂದ ಸಂಶೋಧಕರ ಸಂಬಳಕ್ಕೆ ಭಾರತ-ಅಮೆರಿಕ ತೆರಿಗೆ ಒಪ್ಪಂದದ 22ನೇ ವಿಧಿಯಡಿ ಎರಡು ವರ್ಷ ಫೆಡರಲ್ ತೆರಿಗೆ ವಿನಾಯಿತಿ ಸಿಗುತ್ತದೆ. ಆದರೆ ವಾಸ ಎರಡು ವರ್ಷ ಮೀರಿದರೆ ಮೊದಲ ದಿನದಿಂದಲೇ ವಿನಾಯಿತಿ ಹೋಗುತ್ತದೆ, ಹಳೆಯದನ್ನೂ ಕಟ್ಟಬೇಕು. ಪೋಸ್ಟ್‌ಡಾಕ್ ಮೂರನೇ ವರ್ಷಕ್ಕೆ ಬೆಳೆಯುವ ಸಾಧ್ಯತೆ ಇದ್ದರೆ ಆ ದುಡ್ಡನ್ನು ಬೇರೆ ಖಾತೆಯಲ್ಲಿಟ್ಟು ಮುಟ್ಟಬೇಡಿ. ಧಾರವಾಡದ ಹುಡುಗಿಗೂ ಇದನ್ನು ಹೇಳಿದೆ. "ಮೊದಲು ದುಡ್ಡು ಬರ್ಲಿ ಬಿಡಿ ಸರ್" ಎಂದಳು.