ಕನ್ನಡ ಮಾಧ್ಯಮದಿಂದ ಕ್ಲ್ಯಾಟ್‌ಗೆ: ತಯಾರಿ ಎಲ್ಲಿಂದ ಶುರು, ಅಂಕ ಎಲ್ಲಿ ಸೋರುತ್ತದೆ

ದೇಶದ ಬಹುಪಾಲು ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ ಪ್ರವೇಶ ಪರೀಕ್ಷೆಯಾದ ಕ್ಲ್ಯಾಟ್ ಬರೆಯಲು ಕಾನೂನು ಗೊತ್ತಿರಬೇಕು ಎಂಬ ತಪ್ಪು ತಿಳಿವಳಿಕೆ ಇನ್ನೂ ಹೋಗಿಲ್ಲ. ಸಂವಿಧಾನದ ವಿಧಿಗಳನ್ನು ಉರು ಹೊಡೆದು, ಲ್ಯಾಟಿನ್ ಸೂತ್ರಗಳ ಪಟ್ಟಿ ಬಾಯಿಪಾಠ ಮಾಡಿಕೊಂಡು ಹೋದವರಿಗೆ ಪರೀಕ್ಷೆಯಲ್ಲಿ ಅದ್ಯಾವುದೂ ಕೈಹಿಡಿಯುವುದಿಲ್ಲ. 2019ರವರೆಗೆ, 200 ಚುಟುಕು ಪ್ರಶ್ನೆಗಳಿದ್ದ ಕಾಲದಲ್ಲಿ, ಆ ದಾರಿ ನಡೆಯುತ್ತಿತ್ತು. 2020ರಿಂದ ಇದು ಪೂರ್ತಿ ಓದಿನ ಪರೀಕ್ಷೆ. ಸುಮಾರು 450 ಪದಗಳ ಒಂದು ಪ್ಯಾಸೇಜ್, ಅದರ ಕೆಳಗೆ ಐದಾರು ಪ್ರಶ್ನೆ, ಮತ್ತೆ ಇನ್ನೊಂದು ಪ್ಯಾಸೇಜ್. ಪತ್ರಿಕೆ ಇಂಗ್ಲಿಷಿನಲ್ಲಿ ಮಾತ್ರ. ಹಾಗಾಗಿ ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು ಮೊದಲು ಕೈಹಾಕಬೇಕಾದದ್ದು ಇಂಗ್ಲಿಷ್ ಓದಿಗೆ. ಕಾನೂನಿನ ಭಾಗ ಆಮೇಲೆ ಸಲೀಸಾಗಿ ಕೂಡಿಕೊಳ್ಳುತ್ತದೆ.

ಪತ್ರಿಕೆಯ ಲೆಕ್ಕ

ಡಿಸೆಂಬರ್ 2023ರ ಪರೀಕ್ಷೆಯಿಂದ ಈಚೆಗೆ ಪದವಿ ಹಂತದ ಕ್ಲ್ಯಾಟ್‌ನಲ್ಲಿ 120 ಪ್ರಶ್ನೆ, 120 ಅಂಕ, 120 ನಿಮಿಷ. ಅದಕ್ಕೂ ಮೊದಲು ಅದೇ ಎರಡು ಗಂಟೆಯಲ್ಲಿ 150 ಪ್ರಶ್ನೆ ಇರುತ್ತಿದ್ದವು. ತಪ್ಪು ಉತ್ತರಕ್ಕೆ ಕಾಲು ಅಂಕ ಕಳೆಯುತ್ತಾರೆ. ಇಂಗ್ಲಿಷ್ ಭಾಷೆಗೆ 22ರಿಂದ 26 ಪ್ರಶ್ನೆ, ಸಾಮಾನ್ಯ ಜ್ಞಾನ ಸೇರಿದ ಪ್ರಚಲಿತ ವಿದ್ಯಮಾನಕ್ಕೆ 28ರಿಂದ 32, ಲೀಗಲ್ ರೀಸನಿಂಗ್‌ಗೆ ಮತ್ತೆ 28ರಿಂದ 32, ಲಾಜಿಕಲ್ ರೀಸನಿಂಗ್‌ಗೆ 22ರಿಂದ 26, ಗಣಿತಕ್ಕೆ 10ರಿಂದ 14. ಪೆನ್ನು, ಕಾಗದ, ಒಎಂಆರ್ ಹಾಳೆಯ (ಉತ್ತರಕ್ಕೆ ಗುಂಡು ತುಂಬುವ ಹಾಳೆ) ಪರೀಕ್ಷೆ ಇದು. ಇತ್ತೀಚಿನ ವರ್ಷಗಳಲ್ಲಿ ಡಿಸೆಂಬರ್‌ನ ಮೊದಲ ಭಾನುವಾರ ಮಧ್ಯಾಹ್ನ 2ರಿಂದ 4ರವರೆಗೆ ನಡೆಯುತ್ತಿದೆ.

ಒಟ್ಟು ಇಪ್ಪತ್ತರ ಆಸುಪಾಸಿನಲ್ಲಿ ಪ್ಯಾಸೇಜ್ ಅಂದರೆ ಓದಬೇಕಾದದ್ದು ಹೆಚ್ಚುಕಡಿಮೆ ಒಂಬತ್ತು ಸಾವಿರ ಪದ. ನಿಮಿಷಕ್ಕೆ 120 ಪದ ಓದುವವರಿಗೆ ಬರೀ ಪ್ಯಾಸೇಜಿಗೇ 75 ನಿಮಿಷ ಹೋಗುತ್ತದೆ, 120 ಪ್ರಶ್ನೆಗೆ ಉಳಿಯುವುದು 45 ನಿಮಿಷ. ಅದೇ 200 ಪದ ಓದುವವರಿಗೆ ಈ ಲೆಕ್ಕ ತಿರುಗಾಮುರುಗಾ ಆಗುತ್ತದೆ: ಓದಿಗೆ 45, ಯೋಚನೆಗೆ 75. ಮನೆಯಲ್ಲಿ ಕೂತು ಮಾಡಿದಾಗ ಎಲ್ಲ ಸರಿಯಾಗಿ ಬರುತ್ತದೆ, ಪರೀಕ್ಷೆಯಲ್ಲಿ ಮಾತ್ರ ಕೊನೆಯ ಮೂವತ್ತು ಪ್ರಶ್ನೆ ಮುಟ್ಟಲೇ ಆಗುವುದಿಲ್ಲ ಎನ್ನುವವರ ತೊಂದರೆಯ ಮೂಲ ಇಲ್ಲಿದೆ. ಅವರಿಗೆ ಬುದ್ಧಿ ಸಾಲದೆಂದಲ್ಲ, ಓದಿನ ವೇಗ ಸಾಲದು. ಅದನ್ನು ಅಭ್ಯಾಸದಿಂದಲೇ ಬೆಳೆಸಿಕೊಳ್ಳಬಹುದು.

ಮೊದಲ ಎರಡು ತಿಂಗಳು ಬರೀ ಓದು

ಪ್ರಥಮ ಪಿಯುಸಿ ಮುಗಿಯುವ ಹೊತ್ತಿಗೆ ಶುರು ಮಾಡಿದರೆ ಎಂಟು ತಿಂಗಳು ಸಿಗುತ್ತದೆ, ಅದು ಸಾಕು. ಮೊದಲೆರಡು ತಿಂಗಳು ಮಾಕ್ ಟೆಸ್ಟ್ ಗೊಡವೆ ಬೇಡ. ದಿನಕ್ಕೆ ಒಂದು ಇಂಗ್ಲಿಷ್ ಸಂಪಾದಕೀಯ ತೆಗೆದುಕೊಳ್ಳಿ. ದಿ ಹಿಂದೂ ಆಗಬಹುದು, ಇಂಡಿಯನ್ ಎಕ್ಸ್‌ಪ್ರೆಸ್ ಆಗಬಹುದು. ಗಡಿಯಾರ ಪಕ್ಕಕ್ಕಿಟ್ಟು ಒಂದೇ ಉಸಿರಿಗೆ ಕೊನೆಯವರೆಗೆ ಓದಿ. ನಡುವೆ ಗೊತ್ತಿಲ್ಲದ ಪದ ಬಂದರೆ ನಿಘಂಟು ತೆಗೆಯಬೇಡಿ, ಅಡಿಗೆರೆ ಎಳೆದು ಮುಂದೆ ಹೋಗಿ. ಓದು ಮುಗಿದ ಮೇಲೆ ಹಾಳೆ ಮಗುಚಿಟ್ಟು, ಲೇಖಕರು ಏನು ಹೇಳಿದರು, ಯಾಕೆ ಹೇಳಿದರು ಎಂದು ಕನ್ನಡದಲ್ಲಿ ಎರಡು ಸಾಲು ಬರೆಯಿರಿ. ಕನ್ನಡದಲ್ಲೇ ಬರೆಯಿರಿ. ಇಂಗ್ಲಿಷಿನಲ್ಲಿ ಬರೆಯಲು ಹೋದರೆ ಅಲ್ಲಿನ ಪದಗಳನ್ನೇ ಎತ್ತಿಕೊಂಡು ಅರ್ಥವಾದಂತೆ ನಮಗೆ ನಾವೇ ನಂಬಿಸಿಕೊಳ್ಳುತ್ತೇವೆ. ಆಮೇಲೆ ಅಡಿಗೆರೆ ಹಾಕಿದ ಪದಗಳಿಗೆ ಸಂದರ್ಭ ನೋಡಿ ಅರ್ಥ ಊಹಿಸಿ, ಅದಾದ ಮೇಲೆ ನಿಘಂಟು ನೋಡಿ. ಇಂಗ್ಲಿಷ್ ವಿಭಾಗದಲ್ಲಿ ಪದಗಳ ಅರ್ಥ ಕೇಳುವುದೂ ಹೀಗೆ ಸಂದರ್ಭ ಹಿಡಿದೇ.

ಮೂರನೇ ವಾರದಿಂದ ದಿನಕ್ಕೆ ಎರಡು ಸಂಪಾದಕೀಯ, ಈಗ ಗಡಿಯಾರ ಹಿಡಿದು. 450 ಪದಗಳಿಗೆ ಮೊದಲು ನಾಲ್ಕು ನಿಮಿಷ ಬೇಕಾದರೆ ಬೇಸರವಿಲ್ಲ. ಎರಡು ತಿಂಗಳ ಕೊನೆಗೆ ಎರಡೂವರೆ ನಿಮಿಷಕ್ಕೆ ಇಳಿದರೆ ಗುರಿ ಮುಟ್ಟಿದಂತೆ. ತುಟಿ ಅಲ್ಲಾಡಿಸುತ್ತಾ, ಮನಸ್ಸಿನಲ್ಲೇ ಪ್ರತಿ ವಾಕ್ಯವನ್ನು ಕನ್ನಡಕ್ಕೆ ತಿರುಗಿಸುತ್ತಾ ಓದುವ ಅಭ್ಯಾಸವಿದ್ದರೆ ವೇಗ ಹೆಚ್ಚುವುದಿಲ್ಲ. ತಿರುಗಿಸುವ ಕೆಲಸ ಪ್ಯಾರಾ ಮುಗಿದ ಮೇಲೆ ಒಮ್ಮೆ ಸಾಕು.

ವಾರಕ್ಕೆರಡು ಸಲ ಸಂಪಾದಕೀಯದ ಬದಲು ಯಾವುದಾದರೂ ಕೋರ್ಟ್ ತೀರ್ಪಿನ ವರದಿ ಓದಿ. ಷರತ್ತಿನ ಮೇಲೆ ಷರತ್ತು ಹೇರಿದ ಉದ್ದುದ್ದ ವಾಕ್ಯಗಳಿಗೆ ಕಣ್ಣು ಪಳಗುವುದು ಅಲ್ಲೇ.

ಲೀಗಲ್ ರೀಸನಿಂಗ್: ಪ್ಯಾಸೇಜ್ ಹೇಳಿದ್ದೇ ಕಾನೂನು

ಈ ವಿಭಾಗಕ್ಕೆ ಮೊದಲೇ ಕಾನೂನು ತಿಳಿದಿರಬೇಕಿಲ್ಲ. ಪ್ಯಾಸೇಜಿನಲ್ಲಿ ಒಂದು ನಿಯಮ ಇರುತ್ತದೆ, ಪ್ರಶ್ನೆಯಲ್ಲಿ ಒಂದು ಸಂಗತಿ ಇರುತ್ತದೆ, ನಿಯಮವನ್ನು ಆ ಸಂಗತಿಗೆ ಹಚ್ಚಿ ನೋಡಬೇಕು. ಕೇಳಲು ಸುಲಭ, ಆದರೆ ಅಂಕ ಹೆಚ್ಚು ಸೋರುವುದು ಇಲ್ಲೇ. ಒಂದು ಮಾದರಿಯನ್ನು ಹತ್ತಿರದಿಂದ ನೋಡೋಣ.

ಪ್ಯಾಸೇಜಿನ ಸಾರ ಇದು ಅಂದುಕೊಳ್ಳಿ: ಹದಿನೆಂಟು ತುಂಬದವರು ಮಾಡಿಕೊಂಡ ಒಪ್ಪಂದ ಅವರನ್ನು ಕಟ್ಟಿಹಾಕುವುದಿಲ್ಲ. ಆದರೆ ಅವರ ಬದುಕಿಗೆ ಅಗತ್ಯವಾದ ವಸ್ತುವನ್ನು ಯಾರಾದರೂ ಒದಗಿಸಿದ್ದರೆ, ಅದರ ನ್ಯಾಯವಾದ ಬೆಲೆಯನ್ನು ಆ ಅಪ್ರಾಪ್ತರ ಆಸ್ತಿಯಿಂದ ಮಾತ್ರ ವಸೂಲು ಮಾಡಬಹುದು. ವಿದ್ಯಾಭ್ಯಾಸಕ್ಕೆ ಬೇಕಾದ ಸಾಮಗ್ರಿಯೂ ಅಗತ್ಯ ವಸ್ತುವೇ.

ಸಂಗತಿ: ಹದಿನೇಳು ವರ್ಷದ ಹುಡುಗಿ ಕಾಲೇಜಿನ ಪಾಠಕ್ಕೆಂದು 60,000 ರೂಪಾಯಿಗೆ ಲ್ಯಾಪ್‌ಟಾಪ್ ಅನ್ನು ಸಾಲಕ್ಕೆ ತಂದಳು. ಅದರ ಮಾರುಕಟ್ಟೆ ಬೆಲೆ 45,000. ಅವಳ ತಂದೆ ಸ್ಥಿತಿವಂತರು. ಅಂಗಡಿಯವನು ಏನು ವಸೂಲು ಮಾಡಬಹುದು?

ಆಯ್ಕೆ ಒಂದು: ವಸ್ತು ಬಳಸಿದ್ದಾಳೆ, ಒಪ್ಪಿದ 60,000 ಪೂರ್ತಿ ಕೊಡಬೇಕು. ಎರಡು: ತಂದೆಯಿಂದ 45,000. ಮೂರು: ಅಪ್ರಾಪ್ತಳ ಒಪ್ಪಂದಕ್ಕೆ ಬೆಲೆಯೇ ಇಲ್ಲ, ಏನೂ ಸಿಗದು. ನಾಲ್ಕು: ಅವಳ ಹೆಸರಿನಲ್ಲಿ ಆಸ್ತಿ ಇದ್ದರೆ ಅದರಿಂದ 45,000.

ನಾಲ್ಕನೆಯದೇ ಸರಿ. ಉಳಿದವು ಹೇಗೆ ಬಲೆ ಬೀಸುತ್ತವೆ ಗಮನಿಸಿ. ಮೊದಲನೆಯದು ನಮ್ಮ ನ್ಯಾಯಬುದ್ಧಿಗೆ ಹಿಡಿಸುತ್ತದೆ, ತಗೊಂಡವರು ಕೊಡಬೇಕಲ್ಲವೇ ಅನ್ನಿಸುತ್ತದೆ. ಎರಡನೆಯದರಲ್ಲಿ ಬೆಲೆ ಸರಿ, ಆದರೆ ‘ಆಸ್ತಿಯಿಂದ ಮಾತ್ರ’ ಎಂಬ ಮಾತು ಬಿಟ್ಟುಹೋಗಿದೆ. ತಂದೆ ಸ್ಥಿತಿವಂತರು ಎಂಬ ವಿವರವನ್ನು ಸೇರಿಸಿದ್ದೇ ಇತ್ತ ಎಳೆಯಲು. ಮೂರನೆಯದಕ್ಕೆ ಬೀಳುವವರು ಸಾಮಾನ್ಯವಾಗಿ ಓದಿಕೊಂಡವರು: 1903ರ ಮೊಹೊರಿ ಬೀಬಿ ಪ್ರಕರಣ ಅವರಿಗೆ ನೆನಪಿದೆ, ಅಪ್ರಾಪ್ತರ ಒಪ್ಪಂದ ಅಸಿಂಧು ಎಂಬುದು ಗೊತ್ತಿದೆ, ಅಲ್ಲಿಗೇ ನಿಂತುಬಿಡುತ್ತಾರೆ. ಪ್ಯಾಸೇಜಿನ ಎರಡನೇ ವಾಕ್ಯ ಅವರ ಕಣ್ಣಿಗೆ ಬಿದ್ದಿರುವುದಿಲ್ಲ. ಇನ್ನು ಕೆಲವು ಪ್ಯಾಸೇಜುಗಳಲ್ಲಿ ಕೊಟ್ಟ ನಿಯಮ ನಿಜವಾದ ಕಾನೂನಿಗಿಂತ ಬೇರೆಯೇ ಇರಬಹುದು. ಆಗಲೂ ಪ್ಯಾಸೇಜಿನ ನಿಯಮಕ್ಕೇ ಅಂಟಿಕೊಳ್ಳಿ.

ಅಭ್ಯಾಸ ಮಾಡುವಾಗ ಪ್ರತಿ ಲೀಗಲ್ ಪ್ಯಾಸೇಜಿನ ಪಕ್ಕದಲ್ಲಿ ಮೂರು ಗುರುತು ಹಾಕಿ: ನಿಯಮ ಎಲ್ಲಿದೆ, ಅದಕ್ಕೆ ಇರುವ ಷರತ್ತುಗಳೇನು, ವಿನಾಯಿತಿ ಎಲ್ಲಿ ಶುರುವಾಗುತ್ತದೆ. ವಿನಾಯಿತಿ ಬಹಳ ಸಲ ಪ್ಯಾರಾದ ಕೊನೆಯಲ್ಲಿ, ‘ಅನ್‌ಲೆಸ್’, ‘ಪ್ರೊವೈಡೆಡ್ ದಟ್’, ‘ಎಕ್ಸೆಪ್ಟ್’ ಎಂಬ ಪದಗಳ ಹಿಂದೆ ಅಡಗಿರುತ್ತದೆ. ಷರತ್ತುಗಳ ನಡುವೆ ಇರುವುದು ‘ಆಂಡ್’ ಅಥವಾ ‘ಆರ್’ ಎಂಬುದನ್ನೂ ನೋಡಿ. ಎರಡೂ ಷರತ್ತು ಕೂಡಬೇಕೋ, ಒಂದು ಸಾಕೋ ಎಂಬುದರ ಮೇಲೆ ಉತ್ತರವೇ ಬದಲಾಗುತ್ತದೆ. ಸಮಾನ ಅಂಕ ಬಂದವರಲ್ಲಿ ಈ ವಿಭಾಗದಲ್ಲಿ ಹೆಚ್ಚು ಗಳಿಸಿದವರನ್ನೇ ಮುಂದಿಡುತ್ತಾರೆ. ಅದೂ ಸಮವಾದರೆ ವಯಸ್ಸಿನಲ್ಲಿ ಹಿರಿಯರಿಗೆ ಆದ್ಯತೆ.

ಲಾಜಿಕಲ್ ರೀಸನಿಂಗ್‌ನಲ್ಲಿ ಬಹುಪಾಲು ಪ್ರಶ್ನೆ ವಾದದ ಬಗ್ಗೆಯೇ: ತೀರ್ಮಾನ ಯಾವುದು, ಯಾವ ಊಹೆಯ ಮೇಲೆ ನಿಂತಿದೆ, ಯಾವುದರಿಂದ ಗಟ್ಟಿಯಾಗುತ್ತದೆ ಅಥವಾ ಸಡಿಲವಾಗುತ್ತದೆ. ಊಹೆ ಕೇಳಿದಾಗ ಆಯ್ಕೆಯನ್ನು ಉಲ್ಟಾ ಮಾಡಿ ನೋಡಿ, ಉಲ್ಟಾ ಮಾಡಿದರೆ ವಾದ ಕುಸಿಯಬೇಕು. ‘ಹೊಸ ಬಸ್ ಮಾರ್ಗ ಬಂದರೆ ವಾಹನ ದಟ್ಟಣೆ ಕಡಿಮೆಯಾಗುತ್ತದೆ’ ಎಂಬ ವಾದಕ್ಕೆ ‘ಸ್ವಂತ ವಾಹನ ಇರುವವರಲ್ಲಿ ಕೆಲವರಾದರೂ ಬಸ್ಸಿಗೆ ಬದಲಾಗುತ್ತಾರೆ’ ಎಂಬುದು ಬೇಕೇ ಬೇಕಾದ ಊಹೆ. ಯಾರೂ ಬದಲಾಗುವುದಿಲ್ಲ ಅಂದರೆ ವಾದ ಅಲ್ಲಿಗೇ ಮುಗಿಯಿತು. ‘ಬಸ್ ದರ ಕಡಿಮೆ ಇದೆ’ ಎಂಬುದು ವಾದಕ್ಕೆ ನೆರವಾಗುತ್ತದೆ, ಆದರೆ ಅದಿಲ್ಲದೆಯೂ ವಾದ ನಿಲ್ಲುತ್ತದೆ. ಈ ವ್ಯತ್ಯಾಸ ಕೈಗೆ ಹತ್ತಲು ನಲವತ್ತು ಐವತ್ತು ಪ್ರಶ್ನೆ ಬಿಡಿಸಬೇಕು. ಸಂಬಂಧ ಹುಡುಕುವ, ಸಾಲಿನಲ್ಲಿ ಕೂರಿಸುವ ಪಜಲ್ ಆಗೀಗ ಬರುತ್ತವೆ, ಅದಕ್ಕೆ ವಾರಕ್ಕೊಂದು ಗಂಟೆ ಸಾಕು.

ಪ್ರಚಲಿತ ವಿದ್ಯಮಾನದಲ್ಲಿ ಪ್ಯಾಸೇಜ್ ಇದ್ದರೂ ಉತ್ತರ ಅದರೊಳಗೆ ಸಿಗುವುದು ಅಪರೂಪ. ಸುದ್ದಿಯನ್ನು ಕೊಟ್ಟು ಅದರ ಹಿನ್ನೆಲೆಯನ್ನು ಕೇಳುತ್ತಾರೆ. ಹಾಗಾಗಿ ತಾರೀಖುವಾರು ಟಿಪ್ಪಣಿ ಬರೆದರೆ ಪ್ರಯೋಜನ ಕಡಿಮೆ, ವಿಷಯವಾರು ಬರೆಯಿರಿ. ಹೊಸ ಅಪರಾಧ ಕಾನೂನುಗಳ ಸುದ್ದಿ ಬಂತು ಅನ್ನಿ. ಒಂದು ಪುಟದಲ್ಲಿ ಇಷ್ಟಿರಲಿ: 1 ಜುಲೈ 2024ರಿಂದ ಜಾರಿ, 1860ರ ಭಾರತೀಯ ದಂಡ ಸಂಹಿತೆಯ 511 ಸೆಕ್ಷನ್‌ಗಳ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆಯ 358, ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 531, ಸಾಕ್ಷ್ಯ ಅಧಿನಿಯಮದ ಜಾಗಕ್ಕೆ 170 ಸೆಕ್ಷನ್‌ಗಳ ಹೊಸ ಅಧಿನಿಯಮ. ಪುಟದ ಕೆಳಗೆ ಜಾಗ ಬಿಡಿ, ಅದೇ ವಿಷಯ ಮತ್ತೆ ಸುದ್ದಿಯಾದಾಗ ಅಲ್ಲೇ ಸೇರಿಸಿ. ಇದಕ್ಕೆ ಕನ್ನಡ ಪತ್ರಿಕೆಯೂ ಚೆನ್ನಾಗಿ ಒದಗುತ್ತದೆ, ಹೆಸರು ಮತ್ತು ಸಂಸ್ಥೆಗಳನ್ನು ಮಾತ್ರ ಇಂಗ್ಲಿಷಿನಲ್ಲೂ ಬರೆದಿಟ್ಟುಕೊಳ್ಳಿ. ಪರೀಕ್ಷೆಗೆ ಹಿಂದಿನ ಹನ್ನೆರಡು ತಿಂಗಳು ಹಿಡಿದರೆ ಸಾಕು.

ಗಣಿತ ಹತ್ತನೇ ತರಗತಿಯ ಮಟ್ಟದ್ದು: ಶೇಕಡಾ, ಅನುಪಾತ, ಸರಾಸರಿ, ಲಾಭ ನಷ್ಟ, ಬಡ್ಡಿ, ಕ್ಷೇತ್ರಫಲ. ಕಲಾ ವಿಭಾಗದವರು ಇದನ್ನು ಪೂರ್ತಿ ಕೈಬಿಡುತ್ತಾರೆ, ಅದು ದೊಡ್ಡ ತಪ್ಪು. ಇಲ್ಲಿ ಪ್ರಯತ್ನಕ್ಕೆ ತಕ್ಕ ಅಂಕ ಖಾತ್ರಿ. ಶೇಕಡಾ ಮತ್ತು ಅನುಪಾತ ಎರಡೇ ಗಟ್ಟಿ ಮಾಡಿಕೊಂಡರೂ ಅರ್ಧದಷ್ಟು ಪ್ರಶ್ನೆ ಕೈಗೆಟುಕುತ್ತವೆ.

ಮಾಕ್ ಟೆಸ್ಟ್ ಬರೆದ ಮೇಲಿನ ಕೆಲಸ

2020ರಿಂದ ಈಚಿನ ಪ್ರಶ್ನೆಪತ್ರಿಕೆಗಳು ಪರೀಕ್ಷೆ ನಡೆಸುವ ಕನ್ಸೋರ್ಷಿಯಂ ಆಫ್ ಎನ್‌ಎಲ್‌ಯುಸ್ ಜಾಲತಾಣದಲ್ಲಿ ಸಿಗುತ್ತವೆ. ಅದಕ್ಕೂ ಹಿಂದಿನವನ್ನು ಬಿಡಿಸುತ್ತಾ ಕೂರಬೇಡಿ, ಮಾದರಿಯೇ ಬೇರೆ. ಮೂರನೇ ತಿಂಗಳಿಂದ ಎರಡು ವಾರಕ್ಕೊಂದು, ಸೆಪ್ಟೆಂಬರ್‌ನಿಂದ ವಾರಕ್ಕೊಂದು, ನವೆಂಬರ್‌ನಲ್ಲಿ ವಾರಕ್ಕೆರಡು ಪೂರ್ತಿ ಮಾಕ್. ಮಧ್ಯಾಹ್ನ 2 ಗಂಟೆಗೇ ಕೂತು ಬರೆಯಿರಿ, ಊಟದ ನಂತರದ ಆ ಹೊತ್ತಿನ ಮಂಪರಿಗೆ ಮೈ ಒಗ್ಗಬೇಕು. ಒಎಂಆರ್ ಹಾಳೆಯನ್ನು ಪ್ರಿಂಟ್ ಹಾಕಿಸಿಕೊಂಡು ಪೆನ್ನಿನಲ್ಲೇ ತುಂಬಿ.

ಎರಡು ಗಂಟೆ ಬರೆದರೆ ಮೂರು ಗಂಟೆ ಅದನ್ನು ಬಿಚ್ಚಿ ನೋಡಲು ಇಡಿ. ಪ್ರತಿ ತಪ್ಪಿನ ಮುಂದೆ ಕಾರಣ ಬರೆಯಿರಿ: ಪ್ಯಾಸೇಜ್ ಸರಿಯಾಗಿ ಓದಲಿಲ್ಲ, ವಿನಾಯಿತಿ ಬಿಟ್ಟೆ, ಹೊರಗಿನ ಜ್ಞಾನ ತಂದೆ, ಎರಡು ಆಯ್ಕೆಗೆ ಇಳಿಸಿ ತಪ್ಪಾದುದನ್ನು ಹಿಡಿದೆ, ಸಮಯ ಸಾಲಲಿಲ್ಲ. ನಾಲ್ಕೈದು ಮಾಕ್ ಆದ ಮೇಲೆ ಒಂದು ಕಾರಣ ಪದೇಪದೇ ತಲೆ ಎತ್ತುವುದು ಕಾಣುತ್ತದೆ. ಮುಂದಿನ ಎರಡು ವಾರ ಅದೊಂದನ್ನೇ ತಿದ್ದಿಕೊಳ್ಳಿ. ದಿನಕ್ಕೊಂದು ಮಾಕ್ ಬರೆದು ಅಂಕ ಮಾತ್ರ ನೋಡಿ ಎತ್ತಿಡುವವರ ಅಂಕ ತಿಂಗಳುಗಟ್ಟಲೆ ಅಲ್ಲೇ ನಿಂತಿರುತ್ತದೆ.

ಸಮಯ ಹಂಚಿಕೆಗೆ ನಾವು ಹೇಳುವುದು ಹೀಗೆ: ಪ್ರಚಲಿತ ವಿದ್ಯಮಾನ 10 ನಿಮಿಷ, ಪ್ಯಾಸೇಜ್ ಮೇಲೆ ಕಣ್ಣು ಹಾಯಿಸಿ ನೇರ ಪ್ರಶ್ನೆಗೆ. ಲೀಗಲ್ 34, ಲಾಜಿಕಲ್ 28, ಇಂಗ್ಲಿಷ್ 24, ಗಣಿತ 15. ಉಳಿಯುವ 9 ನಿಮಿಷ ಬಿಟ್ಟ ಪ್ರಶ್ನೆಗಳಿಗೆ. ಒಂದೇ ಪ್ಯಾಸೇಜಿಗೆ ಏಳು ನಿಮಿಷ ದಾಟಿದರೆ ಅದನ್ನು ಬಿಟ್ಟು ಎದ್ದುಬಿಡಿ.

ನೆಗೆಟಿವ್ ಅಂಕದ ಭಯಕ್ಕೆ ಪ್ರಶ್ನೆ ಖಾಲಿ ಬಿಡುವ ಮುನ್ನ ಲೆಕ್ಕ ನೋಡಿ. ನಾಲ್ಕರಲ್ಲಿ ಎರಡು ಆಯ್ಕೆ ಖಚಿತವಾಗಿ ತಪ್ಪೆಂದು ಗೊತ್ತಾದರೆ ಉಳಿದೆರಡರಲ್ಲಿ ಒಂದನ್ನು ಗುರುತು ಮಾಡಿದಾಗ ಸರಾಸರಿ ಲಾಭ 0.375 ಅಂಕ. ಒಂದು ಮಾತ್ರ ತೆಗೆದುಹಾಕಿದ್ದರೆ ಸುಮಾರು 0.17. ಏನೂ ಗೊತ್ತಿಲ್ಲದೆ ಹಾಕಿದರೆ 0.06, ಅಂದರೆ ಇದ್ದೂ ಇಲ್ಲದಂತೆ. ಎರಡಕ್ಕೆ ಇಳಿಸಿದ ಪ್ರಶ್ನೆಯನ್ನು ಯಾವತ್ತೂ ಖಾಲಿ ಬಿಡಬೇಡಿ.

ಅರ್ಜಿ, ಪರೀಕ್ಷೆಯ ದಿನ

ದ್ವಿತೀಯ ಪಿಯುಸಿಯಲ್ಲಿ ಓದುತ್ತಿರುವವರೂ ಅರ್ಜಿ ಹಾಕಬಹುದು. ಆ ಪಿಯುಸಿಯಲ್ಲಿ ಸಾಮಾನ್ಯ ವರ್ಗ ಮತ್ತು ಒಬಿಸಿಯವರಿಗೆ ಶೇ. 45, ಎಸ್‌ಸಿ, ಎಸ್‌ಟಿಯವರಿಗೆ ಶೇ. 40 ಅಂಕ ಬೇಕು. ವಯಸ್ಸಿನ ಮಿತಿ ಇಲ್ಲ. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯಾದ ಎನ್‌ಎಲ್‌ಎಸ್‌ಐಯುನಲ್ಲಿ ಕರ್ನಾಟಕದ ವಿದ್ಯಾರ್ಥಿಗಳಿಗೆ ಶೇ. 25 ಮೀಸಲಾತಿ ಇದ್ದು, ರಾಜ್ಯದ ಮಾನ್ಯತೆ ಪಡೆದ ಶಾಲಾ ಕಾಲೇಜುಗಳಲ್ಲಿ ಕನಿಷ್ಠ ಹತ್ತು ವರ್ಷ ಓದಿರಬೇಕು. ಅರ್ಜಿಯಲ್ಲೇ ಇದನ್ನು ಗುರುತು ಮಾಡಬೇಕು, ಹಲವರು ನೋಡದೆ ದಾಟಿಬಿಡುತ್ತಾರೆ. ವ್ಯಾಸಂಗ ಪ್ರಮಾಣಪತ್ರ, ಜಾತಿ ಪ್ರಮಾಣಪತ್ರಗಳನ್ನು ಅರ್ಜಿ ಹಾಕುವ ಮೊದಲೇ ಮಾಡಿಸಿಟ್ಟುಕೊಳ್ಳಿ. ದೆಹಲಿಯ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಕ್ಕೆ ಕ್ಲ್ಯಾಟ್ ಅಂಕ ನಡೆಯುವುದಿಲ್ಲ, ಅದಕ್ಕೆ ಐಲೆಟ್ ಎಂಬ ಪ್ರತ್ಯೇಕ ಪರೀಕ್ಷೆ ಬರೆಯಬೇಕು.

ಪರೀಕ್ಷೆಯಲ್ಲಿ ಒಎಂಆರ್ ತುಂಬುವುದನ್ನು ಕೊನೆಗೆ ಇಟ್ಟುಕೊಳ್ಳಬೇಡಿ. ಒಂದು ಪ್ಯಾಸೇಜ್ ಮುಗಿಸಿ ಅದರ ಐದಾರು ಉತ್ತರ ತುಂಬಿ ಮುಂದಕ್ಕೆ ಹೋಗಿ. ವಿಭಾಗಗಳನ್ನು ನಿಮ್ಮದೇ ಕ್ರಮದಲ್ಲಿ ಮಾಡುವಾಗ ಪ್ರತಿ ಸಲವೂ ಪ್ರಶ್ನೆಯ ಸಂಖ್ಯೆಗೂ ಹಾಳೆಯ ಸಂಖ್ಯೆಗೂ ತಾಳೆ ನೋಡಿ, ಒಂದು ಸಾಲು ಜಾರಿದರೆ ಇಡೀ ವಿಭಾಗ ಜಾರುತ್ತದೆ. ಪೆನ್ನಿನ ಗುರುತು ಅಳಿಸಲಾಗದು, ಆದ್ದರಿಂದ ಅನುಮಾನ ಇರುವ ಉತ್ತರವನ್ನು ಮೊದಲು ಪ್ರಶ್ನೆಪತ್ರಿಕೆಯಲ್ಲೇ ಗುರುತಿಟ್ಟುಕೊಳ್ಳಿ. ಪರೀಕ್ಷೆಯ ನಂತರ ತಾತ್ಕಾಲಿಕ ಕೀ ಉತ್ತರ ಪ್ರಕಟವಾಗುತ್ತದೆ. ಆಕ್ಷೇಪಣೆ ಸಲ್ಲಿಸಲು ಸಿಗುವ ಅವಧಿ ತೀರಾ ಚಿಕ್ಕದು, ಪ್ರತಿ ಆಕ್ಷೇಪಣೆಗೂ ಶುಲ್ಕ ಇದೆ. ಹಾಗಾಗಿ ಆ ವಾರ ದಿನವೂ ಜಾಲತಾಣ ನೋಡುತ್ತಿರಿ, ತಪ್ಪೆಂದು ಖಚಿತವಾದ ಪ್ರಶ್ನೆಗೆ ಮಾತ್ರ ಪ್ಯಾಸೇಜಿನ ಸಾಲನ್ನೇ ಆಧಾರವಾಗಿ ಕೊಟ್ಟು ಆಕ್ಷೇಪಣೆ ಹಾಕಿ.